ಕರಿಕಲ್ಲು ಕ್ರಾಸಿನ ಕೆಂಪು ದಾರ

ಬೆಳಗಿನ ಐದೂವರೆ. ಮುಧೋಳದಿಂದ ಲೋಕಾಪುರದತ್ತ ಸಾಗುವ ಹೆದ್ದಾರಿಯಲ್ಲಿ ಜನ ಕರಿಕಲ್ಲು ಕ್ರಾಸ್ ಎಂದು ಕರೆಯುವ ಕವಲು. ರಸ್ತೆಯಂಚಿನಲ್ಲಿ ಎರಡಡಿ ಆಳದ ಗುಂಡಿಯೊಂದು ಬಾಯಿ ತೆರೆದುಕೊಂಡಿದೆ. ಅದರ ಪಕ್ಕದಲ್ಲಿ ಕೆಂಪು ಸೀರೆಯ ತುಂಡೊಂದನ್ನು ಹಿಡಿದು ಐವತ್ತೇಳು ವರ್ಷದ ಗೂಳಪ್ಪ ನಿಂತಿದ್ದಾರೆ. ನಿಂತಿದ್ದಾರೆ ಎನ್ನುವುದು ಪೂರ್ಣ ಸತ್ಯವಲ್ಲ. ಅವರ ಕಾಲು ಒಂದೆಡೆ ನಿಲ್ಲುವುದಿಲ್ಲ. ಎರಡು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ, ಕಣ್ಣು ಮಾತ್ರ ಮುಧೋಳದ ದಿಕ್ಕಿಗೆ.

ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡ ಟ್ರ್ಯಾಕ್ಟರೊಂದು ಹಾಡು ಹಚ್ಚಿಕೊಂಡು ಬರುತ್ತದೆ. ಕವಲಿಗೆ ಬಂದೊಡನೆ ಅದರ ಮೂತಿ ಎಡಕ್ಕೆ ಹೊರಳುತ್ತದೆ. ಗೂಳಪ್ಪ ರಸ್ತೆಯ ನಡುವಿಗೇ ಓಡಿ ಸೀರೆಯ ತುಂಡನ್ನು ಬೀಸುತ್ತಾರೆ.

"ಏ, ಎಡಕ್ಕ ಬ್ಯಾಡೋ ತಮ್ಮಾ! ನೆಟ್ಟಗ ಹೋಗು, ನೆಟ್ಟಗ!"

"ಯಾಕ ಕಾಕಾ, ಆ ಕಡೆ ನಿನ್ನ ಹೊಲಾ ಐತೇನು?"

"ನನ್ನ ಹೊಲಾ ಇಲ್ಲೋ, ನಿನ್ನ ಹಳ್ಳ ಐತಿ. ಬೀಳಾವ ಇದ್ರ ಹೋಗು!"

ಚಾಲಕ ನಗುತ್ತಾನೆ, ಚಕ್ರ ತಿರುಗಿಸುತ್ತಾನೆ, ನೇರ ಹೋಗುತ್ತಾನೆ. ಗೂಳಪ್ಪ ನಗುವುದಿಲ್ಲ. ಎಡಗಡೆಯ ರಸ್ತೆಗೆ ಮೊದಲ ಎರಡು ಫರ್ಲಾಂಗಿನಷ್ಟು ಹೊಸ ಡಾಂಬರು ಹಾಕಲಾಗಿದೆ. ನೇರ ಹೋಗುವ ನಿಜವಾದ ಹೆದ್ದಾರಿ ಕಿತ್ತುಹೋಗಿದೆ. ಹೊಸಬನ ಕಣ್ಣಿಗೆ ಎಡಗಡೆಯದೇ ಹೆದ್ದಾರಿ. ಆದರೆ ಆ ನುಣುಪು ಮುಗಿದಲ್ಲಿ ಹಳ್ಳಕ್ಕೆ ಅಡ್ಡಲಾಗಿ ತಗ್ಗಿನ ಹಳೆಯ ಸೇತುವೆಯಿದೆ. ಅದಕ್ಕೆ ತಡೆಗೋಡೆಯಿಲ್ಲ. ಎರಡು ಟ್ರೇಲರಿನ ಟ್ರ್ಯಾಕ್ಟರ್ ಅಲ್ಲಿ ಮುಂದಕ್ಕೂ ಹೋಗಲಾರದು, ಹಿಂದಕ್ಕೂ ಬರಲಾರದು. ಅಪರಿಚಿತನಿಗೆ ದಾರಿ ಹೇಳಬೇಕಾದ ಫಲಕ ಈ ಕವಲಿನಲ್ಲಿಲ್ಲ. ಇರುವುದು ಅದು ನಿಂತಿದ್ದ ಗುಂಡಿ ಮಾತ್ರ. ಹತ್ತೊಂಬತ್ತು ದಿನಗಳಿಂದ ಆ ಫಲಕದ ಕೆಲಸವನ್ನು ಒಬ್ಬ ಮನುಷ್ಯ ಮಾಡುತ್ತಿದ್ದಾನೆ. ಅವನಿಗೆ ಯಾರೂ ಆದೇಶ ಕೊಟ್ಟಿಲ್ಲ.

ಗೂಳಪ್ಪ ಬನಹಟ್ಟಿಯ ನೇಕಾರ ಮನೆತನದವರು. ಇಪ್ಪತ್ತಾರು ವರ್ಷ ಸೀರೆ ವ್ಯಾಪಾರಿಯೊಬ್ಬರ ಗೋದಾಮಿನಲ್ಲಿ ಬಟ್ಟೆ ತಪಾಸಣೆ ಅವರ ಕೆಲಸವಾಗಿತ್ತು. ಮಗ್ಗದಿಂದ ಬಂದ ಸೀರೆಯನ್ನು ಬೆಳಕಿಗೆ ಹಿಡಿದು, ಹಾಸಿನಲ್ಲೋ ಹೊಕ್ಕಿನಲ್ಲೋ ಒಂದು ಎಳೆ ತಪ್ಪಿದ್ದರೂ ಹುಡುಕಬೇಕು. ತಪ್ಪು ಕಂಡಲ್ಲಿ ಸೀರೆಯ ಅಂಚಿಗೆ ಕೆಂಪು ದಾರದ ಗಂಟು ಹಾಕಬೇಕು. ಆ ಕೆಲಸಕ್ಕೆ ಎರಡು ನಿಯಮಗಳಿದ್ದವು. ಕಟ್ಟಿದವನೇ ಬಿಚ್ಚಬೇಕು, ಅದೂ ತಪ್ಪು ತಿದ್ದಿದ ಮೇಲೆ ಮಾತ್ರ. ಒಂದೇ ತಪ್ಪು ಮೂರು ಸೀರೆಗಳಲ್ಲಿ ಬಂದರೆ ದಾರವನ್ನು ಸೀರೆಗಲ್ಲ, ಮಗ್ಗಕ್ಕೆ ಕಟ್ಟಬೇಕು. "ಸೀರಿ ಏನ್ ಮಾಡತೈತ್ರಿ ಪಾಪ, ಮಗ್ಗ ಹೆಂಗ ಹೇಳತೈತಿ ಹಂಗ ಬರತೈತಿ" ಎನ್ನುತ್ತಾರೆ ಅವರು.

ಗೋದಾಮು ಮುಚ್ಚಿದ ಮೇಲೆ ಗೂಳಪ್ಪ ಸಣ್ಣ ಸರಕು ಗಾಡಿಯೊಂದನ್ನು ಕೊಂಡರು. ಆರು ವರ್ಷಗಳಿಂದ ರಬಕವಿ-ಬನಹಟ್ಟಿಯ ಸೀರೆಗಂಟುಗಳನ್ನು ಜಮಖಂಡಿ, ಮುಧೋಳ, ಬೀಳಗಿಯ ಅಂಗಡಿಗಳಿಗೆ ಮುಟ್ಟಿಸುತ್ತಾರೆ. ದಿನಕ್ಕೆ ನೂರಾ ಹತ್ತು ಕಿಲೋಮೀಟರಿಗೆ ಕಡಿಮೆಯಿಲ್ಲ. ಗೋದಾಮು ಹೋಯಿತು, ಕಣ್ಣು ಹೋಗಲಿಲ್ಲ. ಬಟ್ಟೆ ನೋಡುತ್ತಿದ್ದ ಆ ಕಣ್ಣು ರಸ್ತೆಯನ್ನು ನೋಡತೊಡಗಿತು. ಜಮಖಂಡಿ ಹದಿನೆಂಟು ಎಂದು ಒಂದು ಫಲಕ. ಅರ್ಧ ಕಿಲೋಮೀಟರು ಜಮಖಂಡಿಯ ಕಡೆಗೇ ಸಾಗಿದರೆ ಜಮಖಂಡಿ ಇಪ್ಪತ್ತೊಂದು! ಬೀಳಗಿಯ ಹಾದಿಯಲ್ಲಿ ಹೆದ್ದಾರಿಯ ಹಳೆಯ ಸಂಖ್ಯೆಯೂ ಹೊಸ ಸಂಖ್ಯೆಯೂ ಒಂದೇ ಕಂಬದ ಮೇಲೆ ಎರಡು ದಿಕ್ಕಿಗೆ ಬಾಣ ತೋರಿಸುತ್ತವೆ. ಇನ್ನೊಂದು ಫಲಕ ಹೋಗುವವನಿಗೆ ಬೆನ್ನು ಕೊಟ್ಟು, ಊರು ತಲುಪಿ ಹಿಂದಿರುಗುವವನಿಗೆ ಊರು ಬಂತೆಂದು ಹೇಳುತ್ತದೆ. ರಾಷ್ಟ್ರೀಯ ಹೆದ್ದಾರಿಯ ಕಲ್ಲಿಗೆ ಹಳದಿ ತಲೆ, ರಾಜ್ಯ ಹೆದ್ದಾರಿಯದಕ್ಕೆ ಹಸಿರು ತಲೆ ಇರಬೇಕೆಂಬುದು ನಿಯಮ. ಒಂದೇ ರಸ್ತೆಯಲ್ಲಿ ಒಂದು ಕಲ್ಲು ಹಳದಿ, ಮುಂದಿನದು ಹಸಿರು, ಅದರ ಮುಂದಿನದು ಮತ್ತೆ ಹಳದಿ.

"ಒಂದ ಮನಿ ಮಂದಿ ಎರಡ ಪಕ್ಷದ ಟೊಪಗಿ ಹಾಕ್ಕೊಂಡ ನಿಂತಂಗ ಕಾಣತಾವ್ರಿ" ಎಂದು ಗೂಳಪ್ಪ ಹೇಳುವಾಗ ನಮಗೆ ನಗು ಬರುತ್ತದೆ. ಬರಬಾರದು. ರಸ್ತೆಯ ಫಲಕವೆಂಬುದು ಅಲಂಕಾರವಲ್ಲ. ಅದು ಸರ್ಕಾರವು ತಾನೆಂದೂ ಕಾಣದ ಒಬ್ಬ ದಾರಿಹೋಕನಿಗೆ ಸಾರ್ವಜನಿಕವಾಗಿ ಕೊಟ್ಟ ಮಾತು. ಶಾಲೆಯ ಹುಡುಗ ಲೆಕ್ಕ ತಪ್ಪಿದರೆ ಕಿವಿ ಹಿಂಡುವ ನಾವು, ಹದಿನೆಂಟರಲ್ಲಿ ಅರ್ಧ ಕಳೆದರೆ ಇಪ್ಪತ್ತೊಂದು ಎಂದು ಬರೆದು ಹೆದ್ದಾರಿಯಲ್ಲಿ ನಿಲ್ಲಿಸಿದವರ ಕಿವಿಯನ್ನು ಯಾರು ಹಿಂಡಬೇಕೆಂದು ಒಮ್ಮೆಯೂ ಕೇಳಿಲ್ಲ.

ಗೂಳಪ್ಪ ಕೇಳಿದರು, ತಮ್ಮ ಭಾಷೆಯಲ್ಲಿ. ತಪ್ಪಿದ ಪ್ರತಿಯೊಂದು ಫಲಕದ ಕಂಬಕ್ಕೂ ಕೆಂಪು ದಾರ ಕಟ್ಟಿದರು, ಜೊತೆಗೆ ಸಂಬಂಧಪಟ್ಟ ಕಚೇರಿಗೊಂದು ಅರ್ಜಿ ಕೊಟ್ಟರು. ಆರು ವರ್ಷದಲ್ಲಿ ಕಟ್ಟಿದ ದಾರ ನೂರಾ ನಲವತ್ತಮೂರು. ತಿದ್ದಿದ್ದಕ್ಕಾಗಿ ಬಿಚ್ಚಿದ್ದು ಮೂವತ್ತೆಂಟು. ಅವರ ಹೆಂಡತಿ ಮಂಗಲಾ ಇದನ್ನು ಮೆಚ್ಚಿಕೊಂಡವರಲ್ಲ. "ಈ ರಸ್ತೆ ಎಲ್ಲಾ ನಿಮ್ಮಪ್ಪನ ಮಗ್ಗದಾಗ ನೇದದ್ದೇನ್ರಿ?" ಎಂದು ಅವರು ಇಂದಿಗೂ ಕೇಳುತ್ತಾರೆ. ಕೇಳುತ್ತಲೇ, ನಸುಕಿನ ನಾಲ್ಕಕ್ಕೆ ಮನೆ ಬಿಡುವ ಗಂಡನಿಗೆ ರೊಟ್ಟಿಯ ಗಂಟನ್ನೂ ಕಟ್ಟಿಕೊಡುತ್ತಾರೆ.

ಕರಿಕಲ್ಲು ಕ್ರಾಸಿನ ಫಲಕ ಅವರ ನೂರಾ ಹನ್ನೆರಡನೆಯ ದಾರ. ಅದರ ಮೇಲೆ 'ಲೋಕಾಪುರ' ಎಂದು ಬರೆದು ಬಾಣವನ್ನು ಎಡಕ್ಕೆ, ಹಳ್ಳದ ದಿಕ್ಕಿಗೆ, ತಿರುಗಿಸಲಾಗಿತ್ತು. ಗೂಳಪ್ಪ ದಾರ ಕಟ್ಟಿ ಅರ್ಜಿ ಕೊಟ್ಟು ಎರಡು ತಿಂಗಳಾಗಿತ್ತು. ಕಳೆದ ಹಂಗಾಮಿನ ಒಂದು ಮಂಜಿನ ಮುಂಜಾನೆ, ಬಾಡಗಂಡಿಯ ಟ್ರ್ಯಾಕ್ಟರ್ ಚಾಲಕ ಭೀಮಶಿ ಈ ರಸ್ತೆಗೆ ಮೊದಲ ಸಲ ಬಂದರು. ಬಾಣವನ್ನು ನಂಬಿ ಎಡಕ್ಕೆ ಹೋದರು. ಸೇತುವೆಯ ಮೇಲಿಂದ ಟ್ರ್ಯಾಕ್ಟರ್ ಹಳ್ಳಕ್ಕುರುಳಿತು. ಜೀವ ಉಳಿಯಿತು, ಬಲಗಾಲು ಎರಡು ಕಡೆ ಮುರಿಯಿತು. ಮೂವತ್ತಾರರ ಆಳು ಈಗ ಕೋಲೂರಿ ನಡೆಯುತ್ತಾರೆ. ತನಿಖೆಯ ವರದಿ ಎರಡೇ ಪದಗಳಲ್ಲಿ ಮುಗಿಯಿತು: ಚಾಲಕನ ಅಜಾಗರೂಕತೆ. ಸರ್ಕಾರದ ಮಾತನ್ನು ನಂಬುವುದು ಅಜಾಗರೂಕತೆಯಾದರೆ, ಜಾಗರೂಕತೆ ಯಾವುದೆಂದು ಆ ವರದಿ ಬರೆದವರೇ ಹೇಳಬೇಕು.

ಆಸ್ಪತ್ರೆಗೆ ನೋಡಲು ಹೋದ ಗೂಳಪ್ಪ ಒಂದು ಪ್ರಶ್ನೆ ಕೇಳಿದರು: ಕಂಬದ ಮೇಲಿನ ಕೆಂಪು ದಾರ ಕಾಣಲಿಲ್ಲವೇ?

"ಕಂಡಿತ್ರಿ ಕಾಕಾ," ಎಂದರು ಭೀಮಶಿ. "ಯಾರೋ ಹರಕಿ ಕಟ್ಯಾರ ಅನಕೊಂಡೆ. ಕೈ ಮುಗದು ಎಡಕ್ಕ ಹೊಳ್ಳಿಸಿದೆ."

ಆ ಮಾತು ಗೂಳಪ್ಪನವರ ನಿದ್ದೆಯನ್ನು ಕಸಿಯಿತು. "ಹುಷಾರ್ ಅಂತ ಹೇಳಾಕ ಕಟ್ಟಿದ ದಾರಕ್ಕ ಕೈ ಮುಗದು ಹಳ್ಳಕ್ಕ ಬಿದ್ನಲ್ರಿ. ನನ್ನ ತಪ್ಪೋ, ಅವನ ತಪ್ಪೋ? ಗೋದಾಮದಾಗ ಆ ದಾರ ಎಲ್ಲಾರಿಗೂ ತಿಳೀತಿತ್ತು. ರಸ್ತೆದಾಗ ಯಾರಿಗೂ ಹೇಳಿಲ್ಲ ನಾ." ಈ ಪ್ರಶ್ನೆಯನ್ನು ಅವರು ಕೇಳಿಕೊಂಡರು. ಕೇಳಿಕೊಳ್ಳಬೇಕಾದವರು ಕೇಳಿಕೊಳ್ಳಲಿಲ್ಲ.

ಅಷ್ಟರಲ್ಲಿ ಕ್ರಾಸಿನಲ್ಲಿ ಬೇರೊಂದು ಬೆಳವಣಿಗೆಯಾಗಿತ್ತು. ಟ್ರ್ಯಾಕ್ಟರ್ ನುಜ್ಜುಗುಜ್ಜಾದರೂ ಚಾಲಕ ಉಳಿದದ್ದನ್ನು ಜನ ಕಂಡಿದ್ದರು. ಕಂಬದ ದೇವರು ಕಾಯ್ದ ಎಂಬ ಸುದ್ದಿ ಹಬ್ಬಿತು. ಯಾರೋ ಅರಿಶಿನ-ಕುಂಕುಮ ಹಚ್ಚಿದರು, ಯಾರೋ ಕಾಯಿ ಒಡೆದರು. ಒಂದು ದಾರವಿದ್ದಲ್ಲಿ ನೂರು ದಾರಗಳಾದವು. ಕವಲಿನಲ್ಲಿ ಚಹಾದ ಅಂಗಡಿ ನಡೆಸುವ ಯಲ್ಲವ್ವ ಚಹಾದ ಜೊತೆಗೆ ಊದಿನಕಡ್ಡಿಯನ್ನೂ ಇಟ್ಟರು. ತಪ್ಪನ್ನು ತೋರಿಸಲು ಕಟ್ಟಿದ ಗುರುತೇ ತಪ್ಪಿಗೆ ಗುಡಿಯಾಯಿತು.

ಈ ನಡುವೆ ಗೂಳಪ್ಪ ಅರ್ಜಿಯ ಮೇಲೆ ಅರ್ಜಿ ಕೊಟ್ಟರು. ಈ ರಸ್ತೆ ರಾಜ್ಯದ್ದು ಎಂದು ಒಂದು ಕಚೇರಿ, ಇದು ರಾಷ್ಟ್ರೀಯ ಹೆದ್ದಾರಿಗೆ ಸೇರಿದೆ ಎಂದು ಇನ್ನೊಂದು. ಏಳನೆಯ ಅರ್ಜಿಗೆ ಫಲ ಸಿಕ್ಕಿತು. ಈ ಸಲ ಕಾರ್ಖಾನೆಗಳು ಕಬ್ಬು ನುರಿಸಲು ಆರಂಭಿಸುವ ಮುನ್ನ, ಫಲಕ ಕೀಳಲು ನಾಲ್ವರು ಕೆಲಸಗಾರರೂ ಮೇಸ್ತ್ರಿ ಪರಮಾನಂದ ಅವರೂ ಬಂದಿಳಿದರು. ಅವರೆದುರು ಯಲ್ಲವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತರು. ಅವರ ಹಿಂದೆ ಮೂವತ್ತು ಮಂದಿ ನಿಂತರು.

"ದೇವರ ಕಂಬಕ್ಕ ಕೈ ಹಚ್ಚಿದ್ರ ನೋಡ್ರಿ ಮತ್ತ!"

ಗೂಳಪ್ಪ ಮುಂದೆ ಹೋಗಿ ನಿಜ ಹೇಳಿದರು. "ಯಲ್ಲವ್ವಾ, ಇದು ದೇವರಲ್ಲವಾ. ಮೊದಲನೇ ದಾರ ನಾನ ಕಟ್ಟೇನಿ. ಬೋರ್ಡ ತಪ್ಪೈತಿ ಅಂತ ಕಟ್ಟೇನಿ."

"ನೀ ಕಟ್ಟಿದ್ದು ಖರೆ, ಅಣ್ಣಾ," ಎಂದರು ಯಲ್ಲವ್ವ, ಒಂದಿಷ್ಟೂ ಅಳುಕದೆ. "ನಿನ್ನ ಕೈಲೆ ಕಟ್ಟಿಸಿದವ ಯಾರು?"

ಗೂಳಪ್ಪ ಗೋದಾಮಿನ ನಿಯಮವನ್ನೇ ಮುಂದಿಟ್ಟರು. "ಹಂಗಾದ್ರ ಕಟ್ಟಿಸಿದವನ ಬಿಚ್ಚು ಅಂತಾನ. ಕಟ್ಟಿದ ಕೈನ ಬಿಚ್ಚಬೇಕವಾ, ನಮ್ಮಲ್ಲಿ ಪದ್ಧತಿ" ಎಂದು ಅವರು ನೂರು ದಾರಗಳ ನಡುವೆ ಬೆರಳಾಡಿಸಿ ತಮ್ಮ ಗಂಟನ್ನು ಹುಡುಕಿ ಬಿಚ್ಚಿದರು. ಇಪ್ಪತ್ತು ಹೆಜ್ಜೆ ಆಚೆ ಹಳೆಯ ಮೈಲುಗಲ್ಲೊಂದಿದೆ. ಲೋಕಾಪುರ ಒಂಬತ್ತು ಎಂದು ಅದರ ಮೇಲಿದೆ, ಮತ್ತು ಲೋಕಾಪುರ ಅಲ್ಲಿಂದ ನಿಜಕ್ಕೂ ಒಂಬತ್ತೇ ಕಿಲೋಮೀಟರು. ಗೂಳಪ್ಪ ತಮ್ಮ ಗಾಡಿಯ ಮೀಟರಿನಲ್ಲಿ ಏಳು ಸಲ ಅಳೆದಿದ್ದಾರೆ. ಆ ದಾರವನ್ನು ಅವರು ಆ ಕಲ್ಲಿಗೆ ಸುತ್ತಿದರು. "ಕೈ ಮುಗಿಯೂದಿದ್ರ ಇದಕ್ಕ ಮುಗೀರಿ. ಇಡೀ ರಸ್ತೆದಾಗ ಸುಳ್ಳ ಹೇಳದ ಕಲ್ಲ ಇದೊಂದ."

ಯಲ್ಲವ್ವ ಕಲ್ಲನ್ನು ನೋಡಿದರು, ತಮ್ಮ ಅಂಗಡಿಯನ್ನು ನೋಡಿದರು. ಕಲ್ಲು ಅಂಗಡಿಗೆ ಇನ್ನೂ ಹತ್ತಿರ. "ಆತು ಬಿಡ್ರಿ" ಎಂದರು. ಕಾಯಿ ಅಲ್ಲಿಗೆ ಹೋಯಿತು, ಫಲಕ ಕಿತ್ತುಬಂತು.

ಹೊಸ ಫಲಕ ಮರುದಿನವೇ ಬರಬೇಕಿತ್ತು. ಬರಲಿಲ್ಲ. ಕಾರ್ಖಾನೆಗಳು ಶುರುವಾದವು, ಹೊರಜಿಲ್ಲೆಯ ಟ್ರ್ಯಾಕ್ಟರುಗಳು ಬಂದವು. ಅಂದಿನಿಂದ ಗೂಳಪ್ಪ ಇಲ್ಲಿದ್ದಾರೆ. ಐದರಿಂದ ಎಂಟರೊಳಗೆ ಮೂವತ್ತಕ್ಕೂ ಹೆಚ್ಚು ಟ್ರ್ಯಾಕ್ಟರುಗಳು ಹಾಯುತ್ತವೆ. ಏಳೆಂಟು ಎಡಕ್ಕೆ ಹೊರಳುತ್ತವೆ. ಎಂಟಕ್ಕೆ ಭೀಮಶಿ ಬಸ್ಸಿಳಿದು ಕೋಲೂರಿಕೊಂಡು ಬಂದು ಕೆಂಪು ಸೀರೆಯನ್ನು ಕೈಗೆ ತೆಗೆದುಕೊಳ್ಳುತ್ತಾರೆ. ಕತ್ತಲಾಗುವವರೆಗೆ ಅವರ ಪಾಳಿ. ಆಮೇಲೆ ಯಲ್ಲವ್ವನ ಅಂಗಡಿಯ ದೀಪದ ಬುಡದಲ್ಲಿ ಅದೇ ಸೀರೆಯ ತುಂಡನ್ನು ಹಗ್ಗಕ್ಕೆ ಸಿಕ್ಕಿಸಿ ರಸ್ತೆಗೆ ಅಡ್ಡ ಕಟ್ಟಿ, ಹಗಲು ಊರ ಗಾಡಿಗಳು ಓಡಾಡುವ ಎಡಗಡೆಯ ಬಾಯಿ ಮುಚ್ಚುತ್ತಾರೆ. ಗಾಳಿಗೆ ಅದು ಹಾರಿತೋ ಎಂಬ ಚಿಂತೆಯಲ್ಲೇ ಗೂಳಪ್ಪ ನಾಲ್ಕಕ್ಕೆ ಏಳುತ್ತಾರೆ. "ಒಂದ ದಿನ ನಾ ತಡಾ ಮಾಡಿದ್ರ ಇನ್ನೊಬ್ಬ ಬೀಳತಾನ್ರಿ. ಒಬ್ಬಾಂವ ಸಾಕು" ಎನ್ನುತ್ತಾರೆ ಅವರು, ಹಳ್ಳದ ದಿಕ್ಕಿಗೆ ನೋಡದೆ.

ನಾವು ಮಾತಾಡುತ್ತಿರುವಾಗಲೇ, ಏಳೂವರೆಗೆ, ಇಲಾಖೆಯ ಗಾಡಿ ಬಂದು ನಿಲ್ಲುತ್ತದೆ. ಪರಮಾನಂದ ಇಳಿಯುತ್ತಾರೆ. ಹೊಸ ಫಲಕ! ಗುಂಡಿಗೆ ಕಂಬ ಇಳಿಯುತ್ತದೆ, ಸಿಮೆಂಟು ಬೀಳುತ್ತದೆ. ಗೂಳಪ್ಪ ಸೀರೆಯನ್ನು ನೋಡಿದಂತೆಯೇ ಫಲಕವನ್ನು ನೋಡುತ್ತಾರೆ: ಹತ್ತಿರದಿಂದ, ದೂರದಿಂದ, ಆಮೇಲೆ ತಮ್ಮ ಗಾಡಿಯ ಮೇಲೆ ಹತ್ತಿ ಟ್ರ್ಯಾಕ್ಟರ್ ಚಾಲಕನ ಎತ್ತರದಿಂದ. ಬಾಣ ನೇರವಿದೆ. ಲೋಕಾಪುರ, ಎಂದಿದೆ. ಅದರ ಮುಂದೆ ಹನ್ನೆರಡು ಎಂದಿದೆ. ಇಪ್ಪತ್ತು ಹೆಜ್ಜೆ ಆಚೆ ಮೈಲುಗಲ್ಲು ಒಂಬತ್ತು ಎನ್ನುತ್ತಿದೆ.

ಎಲ್ಲರ ಕಣ್ಣೂ ಗೂಳಪ್ಪನವರ ದಾರದ ಕಿಸೆಯ ಮೇಲೆ.

"ಕಟ್ಟು ಅಣ್ಣಾ," ಎನ್ನುತ್ತಾರೆ ಯಲ್ಲವ್ವ. "ಕಾಯಿ ತರಸ್ಲೇನು?"

ಗೂಳಪ್ಪ ಕಿಸೆಯಿಂದ ಒಂದು ಮೊಳ ದಾರ ತೆಗೆಯುತ್ತಾರೆ. ಕಂಬದ ಬಳಿ ಹೋಗುವುದಿಲ್ಲ. ಅದನ್ನು ಪರಮಾನಂದರ ಅಂಗೈಯಲ್ಲಿ ಇಡುತ್ತಾರೆ.

"ಬಾಣ ಪಾಸ್‌ರಿ, ಮೇಸ್ತ್ರಿ. ಹಳ್ಳಕ್ಕ ಯಾರೂ ಬೀಳೂದಿಲ್ಲ, ಸದ್ಯ ಅಷ್ಟ ಸಾಕು. ಆದ್ರ ಈ ಅಂಕಿ ತಪ್ಪು, ನೂರಾ ನಲವತ್ತನಾಕನೇದು. ಇನ್ನ ಮ್ಯಾಲ ಸೀರಿಗೆ ಕಟ್ಟಂಗಿಲ್ರಿ ನಾ. ಇದನ್ನೊಯ್ದು ನಿಮ್ಮ ಸಾಹೇಬರ ಕುರ್ಚಿಗೆ ಕಟ್ರಿ. ಮಗ್ಗ ಅಲ್ಲೈತಿ."

"ಅಲ್ಲೂ ಮಂದಿ ಕಾಯಿ ಒಡಿಯಾಕ ಬಂದ್ರ?" ಎಂದು ಪರಮಾನಂದ ನಗುತ್ತಾರೆ.

"ಸಾಹೇಬರಿಗೆ ಕಾಯಿ-ಕರ್ಪೂರ ಹೊಸಾದಲ್ಲ ಬಿಡ್ರಿ!" ಎಂಬುದು ಯಲ್ಲವ್ವನ ಉತ್ತರ.

ಪರಮಾನಂದ ನಗು ನಿಲ್ಲಿಸುತ್ತಾರೆ. ಆದರೆ ದಾರವನ್ನು ಎಸೆಯುವುದಿಲ್ಲ. ಮಡಿಚಿ ಮೇಲಿನ ಕಿಸೆಯಲ್ಲಿಟ್ಟುಕೊಳ್ಳುತ್ತಾರೆ.

ಆ ಹೊತ್ತಿಗೆ ಮುಧೋಳದ ಕಡೆಯಿಂದ ಮತ್ತೊಂದು ಟ್ರ್ಯಾಕ್ಟರ್ ಬರುತ್ತದೆ. ಅಭ್ಯಾಸಬಲದಿಂದ ಗೂಳಪ್ಪ ರಸ್ತೆಗೆ ಓಡಿ ಕೆಂಪು ಸೀರೆಯನ್ನು ಎತ್ತುತ್ತಾರೆ. ಚಾಲಕ ಅವರತ್ತ ನೋಡುವುದೇ ಇಲ್ಲ. ತಲೆಯೆತ್ತಿ ಫಲಕ ನೋಡುತ್ತಾನೆ, ಕಿತ್ತುಹೋದ ಹೆದ್ದಾರಿಯಲ್ಲೇ ಕುಲುಕುತ್ತ ನೇರ ಹೋಗುತ್ತಾನೆ. ಎತ್ತಿದ ಕೈ ನಿಧಾನವಾಗಿ ಕೆಳಗಿಳಿಯುತ್ತದೆ. ಹತ್ತೊಂಬತ್ತು ದಿನಗಳಲ್ಲಿ ಮೊದಲ ಬಾರಿಗೆ ಅವರ ಕಾಲು ಒಂದೆಡೆ ನಿಂತಿದೆ.

"ಕೇಳಲೇ ಇಲ್ಲ ನೋಡ್ರಿ ನನ್ನ," ಎನ್ನುತ್ತಾರೆ ಗೂಳಪ್ಪ, ಸೀರೆಯ ತುಂಡನ್ನು ಅಂಚಿಗೆ ಅಂಚು ಕೂಡಿಸಿ ಮಡಿಚುತ್ತ.