ಸಿಸ್ಟರ್ ನಿಲ್ಲಿಸಿದ ಚಿಗಾಂಗ್ ಪಾಠ

ತಪ್ಪು ನಿಮ್ಮದಲ್ಲ, ಸಿಸ್ಟರ್. ಅಂದು ಬೆಳಿಗ್ಗೆ ಎಲ್ಲರೆದುರು ನಾನು ಕುಸಿದು ಬಿದ್ದದ್ದು ನೀವು ಕಲಿಸಿದ ಚಿಗಾಂಗಿನಿಂದಲ್ಲ. ನಿಮ್ಮ ಕಣ್ಣು ತಪ್ಪಿಸಿ ಇನ್ನೊಬ್ಬರ ಬಳಿ ಇನ್ನೊಂದು ಬಗೆಯದನ್ನು ಕಲಿತು, ಎರಡನ್ನೂ ನನ್ನ ಮನಸ್ಸಿಗೆ ಬಂದಂತೆ ಬೆರೆಸಿದ್ದೆ. ಇಷ್ಟು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು—ನಾಚಿಕೆಗೆಟ್ಟವಳು ನಾನು.

ಸಿಂಗಾಪುರದಲ್ಲಿ ನರ್ಸ್ ಆಗಿದ್ದು, ತೊಂಬತ್ತರ ದಶಕದ ನಡುವೆ ನಂಜನಗೂಡಿಗೆ ಮರಳಿದವರು ನೀವು. ನಿಮ್ಮ ತಾರಸಿಯ ಮೇಲೆ ಬೆಳಗಿನ ಹೊತ್ತು ನಾವೊಂದಷ್ಟು ಹೆಂಗಸರು ಚಿಗಾಂಗ್ ಕಲಿಯಲು ಸೇರುತ್ತಿದ್ದೆವು. ನಿಂತಲ್ಲೇ ನಿಂತು, ಉಸಿರಿನ ಜೊತೆ ನಿಧಾನವಾಗಿ ಕೈ ಎತ್ತುವುದು, ಇಳಿಸುವುದು. ಬೀದಿಯವರು ಚೀನಾ ಕಸರತ್ತು ಎಂದು ನಗುತ್ತಿದ್ದರು, ನೀವೂ ನಗುತ್ತಿದ್ದಿರಿ. ಎಷ್ಟು ಚೆಂದ ಕಲಿಸುತ್ತಿದ್ದಿರಿ! ಪಕ್ಕದ ಬೀದಿಯ ಪುಟ್ಟಮ್ಮನ ಭುಜ ಬಿಗಿಯಾಗಿದ್ದರೆ ದೂರದಿಂದಲೇ ಕಂಡುಹಿಡಿದು, ಹತ್ತಿರ ಬಂದು ಅಂಗೈ ಇಟ್ಟು ನಿಲ್ಲುತ್ತಿದ್ದಿರಿ; ಅದು ತಾನಾಗಿಯೇ ಸಡಿಲವಾಗುತ್ತಿತ್ತು. ಮನೆಯಲ್ಲಿ ಒಂದು ಗಳಿಗೆ ಸುಮ್ಮನಿರಲು ಬಿಡುವಿಲ್ಲದ ನಮಗೆ ಸುಮ್ಮನೆ ನಿಲ್ಲುವುದನ್ನು ಕಲಿಸಿದವರು ನೀವು. ನಿಮ್ಮಂಥವರನ್ನು ನಾನು ಮತ್ತೆ ಕಂಡಿಲ್ಲ.

ಆದರೆ ನನ್ನದು ಆತುರದ ಬುದ್ಧಿ. ಆಗ ದಿನಾ ಬಸ್ಸು ಹಿಡಿದು ಟಿ. ನರಸೀಪುರದ ಶಾಲೆಗೆ ಪಾಠ ಹೇಳಲು ಹೋಗುತ್ತಿದ್ದೆ; ನಿಮಗೆಲ್ಲ ನಾನು ಟೀಚರ್. ಅಲ್ಲೊಬ್ಬರು ಸಂಜೆ ಬೇರೆ ಬಗೆಯ ಚಿಗಾಂಗ್ ಕಲಿಸುತ್ತಿದ್ದರು—ಮುಷ್ಟಿ ಬಿಗಿದು, ಹೊಟ್ಟೆಯಲ್ಲಿ ಉಸಿರು ಕಟ್ಟಿ ಹಿಡಿಯುವುದು. ಮೈಯೆಲ್ಲ ಬಿಸಿಯಾಗುತ್ತಿತ್ತು. ಸಾಧನೆ ಅಂದರೆ ಇದಪ್ಪಾ ಅಂದುಕೊಂಡೆ! ಬೇರೆ ಏನಾದರೂ ಅಭ್ಯಾಸ ಇದೆಯೇ ಎಂದು ಅವರು ಮೊದಲ ದಿನವೇ ಕೇಳಿದ್ದರು. ಇಲ್ಲ ಎಂದೆ. ಅವರದೂ ತಪ್ಪಿಲ್ಲ.

ಕೆಲವೇ ವಾರಗಳಲ್ಲಿ ನಿದ್ದೆ ಬಾರದಾಯಿತು, ಎದೆ ಡವಗುಟ್ಟತೊಡಗಿತು. ಯಾಕೆ ಹೀಗಾಗಿದ್ದೀರಿ ಎಂದು ನೀವು ಕೇಳಿದಿರಿ. ಸ್ಕೂಲಿನ ಕೆಲಸ ಜಾಸ್ತಿ ಎಂದು ಬುರುಡೆ ಬಿಟ್ಟೆ. ಆಮೇಲೆ ಆ ದಿನ—ನೀವು ಉಸಿರು ಬಿಡಿ ಎಂದಾಗ ನಾನು ಗುಟ್ಟಾಗಿ ಕಟ್ಟಿ ಹಿಡಿದೆ. ಎರಡೂ ಒಟ್ಟಿಗೆ ಮಾಡಿದರೆ ಬೇಗ ಫಲ ಸಿಕ್ಕೀತು ಎಂಬ ದುರಾಸೆ. ಕಣ್ಣು ಕತ್ತಲೆ ಬಂದದ್ದಷ್ಟೇ ನೆನಪು.

ಎಚ್ಚರವಾದಾಗ ತಲೆ ನಿಮ್ಮ ತೊಡೆಯ ಮೇಲಿತ್ತು. ನನ್ನ ಯಜಮಾನರು ಓಡಿಬಂದು ಕೂಗಾಡುತ್ತಿದ್ದರು, ಇಂಥದ್ದೆಲ್ಲ ಕಲಿಸಿ ಹೆಂಗಸರ ಪ್ರಾಣ ತೆಗೀತೀರಾ ಎಂದು. ನಾನು ಬಾಯಿ ಬಿಟ್ಟಿದ್ದರೆ ಸಾಕಿತ್ತು. ಒಂದು ಮಾತು... ನೀವು ನನ್ನ ನಾಡಿ ಹಿಡಿದುಕೊಂಡೇ ಹೇಳಿದಿರಿ:

“ನಾನೇ ಎಲ್ಲೋ ತಪ್ಪು ಹೇಳ್ಕೊಟ್ಟಿರಬೇಕು. ಅದೇನು ಅಂತ ಗೊತ್ತಾಗೋವರ್ಗೂ ಇನ್ಯಾರಿಗೂ ಹೇಳ್ಕೊಡಲ್ಲ.”

ನಾನು ಕಣ್ಣು ಮುಚ್ಚಿಕೊಂಡೆ. ಎಚ್ಚರವಿದ್ದೂ ಮುಚ್ಚಿಕೊಂಡೆ, ಸಿಸ್ಟರ್.

ಪಾಠ ನಿಂತಿತು. ನಾನು ಡಾಕ್ಟರಿಗೆ ತೋರಿಸಿ, ಎರಡನ್ನೂ ಬಿಟ್ಟು, ಸುಧಾರಿಸಿಕೊಂಡೆ. ನಿಮ್ಮ ಬೀದಿಯನ್ನೇ ತಪ್ಪಿಸಿ ಓಡಾಡಿದೆ. ಹೋದ ತಿಂಗಳು ಬಸ್ ಸ್ಟ್ಯಾಂಡಿನಲ್ಲಿ ಪುಟ್ಟಮ್ಮ ಸಿಕ್ಕಿದಳು. ನಿಮ್ಮನ್ನು ಹೊಗಳಲು ಶುರುಮಾಡಿದವಳು ನಡುವೆ ಅಂದಳು:

“ಈಗ್ಲೂ ಒಬ್ರೇ ತಾರಸಿ ಮ್ಯಾಲೆ ನಿಂತ್ಕತ್ತಾರೆ ಕಣವ್ವ. ಟೀಚರ್ ಯಾಕ್ ಬಿದ್ರು ಅಂತ ಉಡುಕ್ತಾ ಇವ್ನಿ ಅಂತಾರೆ. ಅವ್ರು ಎಲ್ಡು ತರದ ಕಸ್ರತ್ತು ಕಲ್ತವ್ರೆ, ಮೊದ್ಲು ಕಲಿಸ್ದೋರ್ನ ಕೇಳ್ಬುಟ್ಟೇ ಇನ್ನೊಂದ್ ಕಲ್ತಿದ್ದಂತೆ.”

ಬೆರೆಸಬಹುದೇ, ಬಾರದೇ ಎಂಬುದನ್ನು ಬಲ್ಲವರು ದಿನಾ ಬೆಳಿಗ್ಗೆ ನನ್ನೆದುರೇ ನಿಂತಿದ್ದರು! ಕೇಳಿದ್ದರೆ ನೀವು ಬೈಯುತ್ತಿರಲಿಲ್ಲ. ಯಾವುದು ಮೊದಲು, ಯಾವುದಕ್ಕೆ ಇನ್ನೂ ಕಾಯಬೇಕು ಎಂದು ಹೇಳುತ್ತಿದ್ದಿರಿ. ಇಲ್ಲವೇ, ಬೇಡ ಎನ್ನುತ್ತಿದ್ದಿರಿ. ನಾನು ಕೇಳಲಿಲ್ಲ. ನೀವು ಮಾತ್ರ, ಮಾಡದ ತಪ್ಪನ್ನು ನಿಮ್ಮ ಒಂದೊಂದು ಉಸಿರಿನಲ್ಲೂ ಹುಡುಕುತ್ತ ಬಂದಿರಿ...

ಮನೆಯಲ್ಲಿ ಎಲ್ಲ ಹೇಳಿದ್ದೇನೆ. ಭಾನುವಾರ ಬೆಳಿಗ್ಗೆ ಬರುತ್ತೇನೆ. ಪುಟ್ಟಮ್ಮನಿಗೂ ಉಳಿದವರಿಗೂ ಬರಲು ಹೇಳಿದ್ದೇನೆ. ಯಜಮಾನರೂ ಬರುತ್ತಾರೆ, ಅಂದು ಕೂಗಾಡಿದ ಜಾಗಕ್ಕೇ. ಎಲ್ಲರ ಮುಂದೆ ಇದನ್ನೇ ಹೇಳುತ್ತೇನೆ. ಆಮೇಲೆ ನೀವು ಕಲಿಸುವುದಾದರೆ ಅವರು ನಿಲ್ಲಲಿ. ನಾನು ಮೆಟ್ಟಿಲ ಹತ್ತಿರವೇ ಇರುತ್ತೇನೆ, ಕರೆಯಬೇಕೆಂದೇನೂ ಇಲ್ಲ. ಅಲ್ಲಿಯವರೆಗೆ ಒಂದೇ ಒಂದು ಬೇಡಿಕೆ.

ಇನ್ನು ಹುಡುಕಬೇಡಿ, ಸಿಸ್ಟರ್.