ಪಂಪ್ ಕೋಣೆಯ ಬೆಸುಗೆ ಅಕ್ಕ

ಬೆಸುಗೆ ಅಕ್ಕನಿಗೆ ಆ ಹೆಸರು ಬಂದದ್ದು ಟಿ.ವಿ. ಕಾರ್ಖಾನೆಯಲ್ಲಿ. ಇಪ್ಪತ್ತಾರು ವರ್ಷ ಒಂದೇ ಬೆಂಚಿನ ಮುಂದೆ ಕೂತು, ಬಲಗೈಯಲ್ಲಿ ಕಾದ ಸೋಲ್ಡರಿಂಗ್ ಐರನ್, ಎಡಗೈಯಲ್ಲಿ ಸೀಸದ ತಂತಿ ಹಿಡಿದು, ಹಸಿರು ಬೋರ್ಡುಗಳ ಮೇಲೆ ಸಾಸಿವೆ ಕಾಳಿನಷ್ಟು ಬೆಸುಗೆಯ ಚುಕ್ಕಿಗಳನ್ನಿಡುವುದು ಅವಳ ಕೆಲಸ. ಅವಳಿಟ್ಟ ಚುಕ್ಕಿ ಬಿಟ್ಟುಕೊಂಡಿತೆಂದು ಒಂದೇ ಒಂದು ಟಿ.ವಿ. ವಾಪಸ್ ಬಂದದ್ದಿಲ್ಲ. ಆಮೇಲೆ ಒಂದು ಯಂತ್ರ ಬಂತು. ಅವಳು ದಿನವಿಡೀ ಮಾಡುತ್ತಿದ್ದುದನ್ನು ಅದು ಒಂದು ಲೋಟ ಚಹಾ ಆರುವಷ್ಟರಲ್ಲಿ ಮಾಡಿ ಮುಗಿಸಿತು. ಮೇಲ್ವಿಚಾರಕ ಬಂದು, "ನಿಮ್ಮ ಕೈ ಚಿನ್ನದಂಥದ್ದು ಅಕ್ಕಾ, ಆದ್ರೆ ಏನ್ಮಾಡೋಣ ಹೇಳಿ" ಎಂದ. ಐವತ್ತೆರಡನೆಯ ವಯಸ್ಸಿಗೆ ಅಕ್ಕ ಮನೆಗೆ ಬಂದು ಕೂತಳು.

ಮನೆ ಎಂದರೆ ಅರವತ್ತನಾಲ್ಕು ಸಂಸಾರಗಳಿದ್ದ ಕಟ್ಟಡದ ಎರಡನೆಯ ಮಹಡಿಯಲ್ಲಿ ಎರಡು ಕೋಣೆ. ಗಂಡ ಸಿಟಿ ಬಸ್ ಡ್ರೈವರ್. ದಿನವೆಲ್ಲ ಹಾರ್ನ್ ಕೇಳಿ ಕೇಳಿ ಮನೆಯಲ್ಲಿ ಮಾತು ಕಡಿಮೆ. ಆ ಕೊರತೆಯನ್ನು ಅವನ ತಾಯಿ ತುಂಬಿಕೊಡುತ್ತಿದ್ದಳು. ಎಂಬತ್ತು ದಾಟಿದ ಅತ್ತೆಗೆ ನಾಲ್ಕೇ ಹಲ್ಲು ಉಳಿದಿದ್ದರೂ ನಾಲಿಗೆಗೆ ಮಾತ್ರ ಮುಪ್ಪು ಹತ್ತಿರ ಸುಳಿದಿರಲಿಲ್ಲ. ಸೊಸೆ ಒರೆಸಿದ ಕಿಟಕಿಯನ್ನೇ ಮತ್ತೆ ಒರೆಸುವುದನ್ನು ಕಂಡು, "ಗಾಜು ಸವೆದು ಹೋದೀತು ಕಣೇ, ಬಿಡು" ಎನ್ನುತ್ತಿದ್ದಳು.

ಹಾಗೆ ಕಿಟಕಿ ಒರೆಸುತ್ತಿದ್ದಾಗಲೇ ಒಂದು ಮಂಗಳವಾರ ಬೆಳಿಗ್ಗೆ ಕೆಳಗೆ ಢಮ್ ಎಂದು ಸದ್ದಾಯಿತು. ಬೀದಿಯಲ್ಲಿ ಕಸದ ಲಾರಿ ನಿಂತಿತ್ತು. ಹಿಂಬದಿಯ ಬಾಯಿ ಕಸವನ್ನು ಅಗಿಯುತ್ತಿದ್ದಂತೆ ಒಳಗಿಂದ ಬಿಳಿ ಹೊಗೆ, ಅದರ ಹಿಂದೆಯೇ ಬೆಂಕಿ. ಲಾರಿಯ ಹಿಂದೆ ನಿಂತು ಕಸ ಎತ್ತಿ ಹಾಕುತ್ತಿದ್ದ ಹೆಂಗಸು ಓಡಿ ಹೋಗಲಿಲ್ಲ. ಉರಿಯುತ್ತಿದ್ದ ಚೀಲಕ್ಕೆ ಕೈ ಹಾಕಿ ಎಳೆದು ರಸ್ತೆಗೆ ಬಿಸಾಡಿದಳು. ಇಲ್ಲದಿದ್ದರೆ ಇಡೀ ಲಾರಿಯೇ ಸುಟ್ಟುಹೋಗುತ್ತಿತ್ತು. ಮಣಿಕಟ್ಟಿನಿಂದ ಮೊಣಕೈವರೆಗೆ ಅವಳ ತೋಳು ಬೆಂದಿತು.

ಬೆಂಕಿ ಆರಿದ ಮೇಲೆ ಲಾರಿ ಡ್ರೈವರ್ ಬೂದಿ ಕೆದಕಿ, ಇಕ್ಕಳದಲ್ಲಿ ಒಂದು ಕರಕಲನ್ನು ಎತ್ತಿ ಹಿಡಿದ. "ನೋಡಿ! ಮೊಬೈಲ್ ಬ್ಯಾಟರಿ! ಯಾವ ಪುಣ್ಯಾತ್ಮರು ಎಸೆದ್ರೋ!"

ಅಕ್ಕ ಕಿಟಕಿಯಿಂದ ಹಿಂದೆ ಸರಿದಳು. ಹಿಂದಿನ ದಿನವಷ್ಟೇ ತನ್ನ ಹಳೆಯ ಫೋನನ್ನು, ಹೊಟ್ಟೆ ಉಬ್ಬಿಕೊಂಡ ಅದರ ಬ್ಯಾಟರಿಯ ಸಮೇತ, ಪೇಪರಿನಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿದ್ದಳು. ಬೇರೆ ಯಾರಾದರೂ ಆಗಿದ್ದರೆ ಗೊತ್ತಿರಲಿಲ್ಲ ಎನ್ನಬಹುದಿತ್ತು. ಇಪ್ಪತ್ತಾರು ವರ್ಷ ಇದೇ ಸಾಮಾನುಗಳ ನಡುವೆ ಬದುಕಿದವಳು ಯಾವ ಬಾಯಲ್ಲಿ ಹಾಗೆನ್ನಬೇಕು?

ಎರಡು ದಿನ ಅವಳಿಗೆ ಅನ್ನ ಸೇರಲಿಲ್ಲ. ಮೂರನೆಯ ದಿನ ಅತ್ತೆ ಕೇಳಿಯೇಬಿಟ್ಟಳು. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ. ನೀನ್ಯಾಕೆ ಆವತ್ತಿಂದ ಹೆಗಲು ಮುಟ್ಕೊಳ್ತಾ ಇದ್ದೀಯ?"

ಅಕ್ಕ ಎಲ್ಲ ಹೇಳಿಕೊಂಡಳು. ಅತ್ತೆ ಬಯ್ಯಲಿಲ್ಲ. "ನನ್ನ ಹತ್ರ ಅತ್ತು ಏನು ಬಂತು? ಸುಟ್ಟಿದ್ದು ನನ್ನ ಕೈಯಾ? ಹೋಗು, ಯಾರಿಗೆ ಹೇಳ್ಬೇಕೋ ಅವಳಿಗೆ ಹೇಳು."

ಆಸ್ಪತ್ರೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ಕೋಣೆಯ ಹೊರಗೆ, ಉದ್ದನೆಯ ಬೆಂಚಿನ ಮೇಲೆ ಆ ಹೆಂಗಸು ಕೂತಿದ್ದಳು. ಮೂವತ್ತರ ಆಸುಪಾಸು, ದಪ್ಪ ಜಡೆ, ಬಿಳಿ ಪಟ್ಟಿ ಸುತ್ತಿದ ತೋಳು. ಐದು ವರ್ಷದಿಂದ ತನ್ನ ಮನೆಯ ಕಸ ಒಯ್ಯುತ್ತಿದ್ದವಳ ಮುಖವನ್ನು ಸರಿಯಾಗಿ ನೋಡುತ್ತಿರುವುದು ಇದೇ ಮೊದಲು ಎಂಬುದು ಅಕ್ಕನಿಗೆ ಆಗ ಹೊಳೆಯಿತು.

"ಆ ಬ್ಯಾಟರಿ ನಂದು ಕಣಮ್ಮ," ಎಂದಳು ಅಕ್ಕ. "ನನ್ನಿಂದ ತಪ್ಪಾಯ್ತು."

ಆಕೆ ಬಿಳಿ ಪಟ್ಟಿಯ ತುದಿಯನ್ನು ಸರಿಮಾಡಿಕೊಂಡಳು. "ನಿಮ್ಮದೇ ಅಂತ ಹೆಂಗೆ ಹೇಳ್ತೀರಕ್ಕ? ನಿಮ್ಮ ಬೀದಿಯಲ್ಲಿ ದಿನಾ ನಾಲ್ಕಾದ್ರೂ ಸಿಗುತ್ವೆ. ಹೋದ ತಿಂಗಳು ಪಕ್ಕದ ಬೀದಿಯಲ್ಲೂ ಹೀಗೇ ಹೊಗೆ ಬಂತು." ಆಮೇಲೆ ದನಿ ಬಿಗಿಯಾಯಿತು. "ತಪ್ಪಾಯ್ತು ಅಂದ್ರಿ, ಒಳ್ಳೇದು. ಯಾರೂ ಇಷ್ಟನ್ನೂ ಅಂದಿರ್ಲಿಲ್ಲ. ಆದ್ರೆ ನಾನು ಸೋಮವಾರ ಕೆಲಸಕ್ಕೆ ಹೋಗ್ತೀನಲ್ಲ, ಅವತ್ತು ಲಾರಿಗೆ ಬ್ಯಾಟರಿ ಬರಲ್ವಾ?"

ಮನೆಗೆ ಬರುವ ದಾರಿಯಲ್ಲಿ ಅಕ್ಕನಿಗೆ ಇದಕ್ಕೆ ಉತ್ತರ ಹೊಳೆಯಿತು. ಕಟ್ಟಡದ ಹಿಂಭಾಗದಲ್ಲಿ ನೀರಿನ ಹಳೆಯ ಪಂಪ್ ಕೋಣೆಯೊಂದು ಪಾಳು ಬಿದ್ದಿತ್ತು. ಗಂಡನನ್ನು ಕರೆದುಕೊಂಡು ಹೋಗಿ ಅದರ ಬಾಗಿಲು ತೆರೆಸಿದಳು. ಆತ ಒಂದೂ ಪ್ರಶ್ನೆ ಕೇಳದೆ ಜೇಡರ ಬಲೆ ಗುಡಿಸಿ, ಡಿಪೋದಿಂದ ಎರಡು ಬಕೆಟ್ ಒಣ ಮರಳು ತಂದಿಟ್ಟ. "ಬ್ಯಾಟರಿಗೆ ಇದೇ ತಾನೇ ಬೇಕು?" ಅದೇ ಅವನ ಆ ವಾರದ ಉದ್ದನೆಯ ಮಾತು.

ಮರುದಿನದಿಂದ ಅಕ್ಕ ಕಾಲಿಗೆ ಚಕ್ರ ಕಟ್ಟಿಕೊಂಡಳು. ಅರವತ್ತನಾಲ್ಕು ಬಾಗಿಲು ತಟ್ಟಿದಳು. "ಕೆಟ್ಟುಹೋದ ಫೋನು, ರೇಡಿಯೊ, ಚಾರ್ಜರ್, ಕಂಪ್ಯೂಟರ್, ಏನಿದ್ರೂ ಕಸಕ್ಕೆ ಹಾಕ್ಬೇಡಿ. ನನಗೆ ಕೊಡಿ." ಮೊದಮೊದಲು ಜನ ಮೂಗು ಮುರಿದರು. ಕಾರ್ಖಾನೆಯವರು ಕಳಿಸಿದ ಮೇಲೆ ಗುಜರಿಗೆ ಇಳಿದಳು ಎಂದು ಮೆಟ್ಟಿಲ ಮೇಲೆ ಪಿಸುಗುಟ್ಟಿದರು. ಆದರೆ ಯಾರ ಮನೆಯ ಅಟ್ಟ ತಾನೇ ಖಾಲಿ ಇರುತ್ತದೆ? ಒಬ್ಬೊಬ್ಬರಾಗಿ ಇಳಿಸತೊಡಗಿದರು. ಇಳಿಸುವಾಗ ಎಲ್ಲರದ್ದೂ ಒಂದೇ ರಾಗ: ಇದು ಬಹಳ ಒಳ್ಳೆಯ ಸೆಟ್ಟು, ಇಂಥದ್ದು ಈಗ ಸಿಗುವುದಿಲ್ಲ, ಇದರ ದನಿ ಎಂದರೆ ದನಿ. ಪಂಪ್ ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಅತ್ತೆ ತಲೆಯಾಡಿಸುತ್ತಿದ್ದಳು. "ಹೌದ್ಹೌದು, ಸತ್ತ ಎಮ್ಮೆಗೆ ಹತ್ತು ಸೇರು ಹಾಲು. ಇಡಿ ಅಲ್ಲಿ."

ಗಾಯ ಮಾಗುತ್ತಿದ್ದ ಕಸದ ಲಾರಿಯ ಹೆಂಗಸು ಒಂದು ಮಧ್ಯಾಹ್ನ ನೋಡಿ ಹೋಗೋಣವೆಂದು ಬಂದಳು. ಮರುದಿನ ಮತ್ತೆ ಬಂದಳು. ಅಕ್ಕ ಅವಳನ್ನು ತಂಗಿ ಎಂದು ಕರೆಯತೊಡಗಿದಳು. ಬೀದಿಗೂ ಆಕೆ ತಂಗಿಯೇ ಆದಳು. ಉಬ್ಬಿದ ಬ್ಯಾಟರಿಯನ್ನು ಚುಚ್ಚದೆ, ಒತ್ತದೆ ತೆಗೆದು, ತುದಿಗೆ ಟೇಪು ಸುತ್ತಿ ಮರಳಿನಲ್ಲಿ ಹೂಳುವುದನ್ನು ಅಕ್ಕ ಕಲಿಸಿದಳು. ಯಾವ ಬೋರ್ಡಿನಲ್ಲಿ ತಾಮ್ರ ಹೆಚ್ಚು, ಯಾವುದರಲ್ಲಿ ಕೂದಲೆಳೆಯಷ್ಟು ಚಿನ್ನವೂ ಇದೆ, ಹಳೆಯ ಟಿ.ವಿ.ಯ ದಪ್ಪ ಗಾಜನ್ನು ಒಡೆದರೆ ಎಷ್ಟು ಸೀಸ ಮಣ್ಣಿಗೆ ಸೇರುತ್ತದೆ, ಎಲ್ಲ ಹೇಳಿಕೊಟ್ಟಳು. "ಇಷ್ಟು ವರ್ಷ ಇದನ್ನೆಲ್ಲ ಬರಿಗೈಯಲ್ಲಿ ಮುಟ್ಟಿದೀನಲ್ಲಕ್ಕ" ಎಂದಳು ತಂಗಿ. ಅವತ್ತೇ ಅಕ್ಕ ಹೋಗಿ ಎರಡು ಜೊತೆ ದಪ್ಪ ಕೈಗವಸು ತಂದಳು.

ತೊಂದರೆ ಬಂದದ್ದು ಕಟ್ಟಡದ ಸಂಘದ ಕಾರ್ಯದರ್ಶಿಯಿಂದ. ಇಸ್ತ್ರಿ ಮಾಡಿದ ಅಂಗಿಯಲ್ಲೇ ಹುಟ್ಟಿದವರಂತೆ ಕಾಣುತ್ತಿದ್ದ ನಿವೃತ್ತ ಅಧಿಕಾರಿ. ಪಂಪ್ ಕೋಣೆ ಖಾಲಿ ಮಾಡಿಸಬೇಕೆಂದು ಅವರು ಭಾನುವಾರ ಸಭೆ ಕರೆದರು. ಕೆಳಗಿನ ಅಂಗಳದಲ್ಲಿ ಕುರ್ಚಿಗಳು ಸಾಲದೆ ಜನ ಮೆಟ್ಟಿಲ ಮೇಲೂ ಕೂತರು.

"ಒಂದು ಬ್ಯಾಟರಿಗೆ ಒಂದು ಲಾರಿ ಹೊತ್ಕೊಳ್ತು," ಎಂದರು ಕಾರ್ಯದರ್ಶಿ. "ಈ ಅಮ್ಮ ನೂರು ಬ್ಯಾಟರಿ ತಂದು ನಮ್ಮ ಕಟ್ಟಡದೊಳಗೆ ಇಟ್ಟಿದಾರೆ. ನಾಳೆ ಹೆಚ್ಚುಕಮ್ಮಿ ಆದ್ರೆ ಯಾರು ಹೊಣೆ?"

ಸಭೆ ಗುಜುಗುಜು ಎಂದಿತು. ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಸಭೆಯಲ್ಲಿ ಎಂದೂ ಬಾಯಿ ತೆರೆಯದ ಅಕ್ಕ ಎದ್ದು ನಿಂತಳು.

"ಆ ಲಾರಿ ಹೊತ್ಕೊಂಡಿದ್ದು ನನ್ನ ಬ್ಯಾಟರಿಯಿಂದ ಇರ್ಬೇಕು," ಎಂದಳು. ಪಕ್ಕದಲ್ಲಿ ಕೂತಿದ್ದ ತಂಗಿಯ ಕಡೆ ತಿರುಗಿದಳು. "ತಂಗೀ, ಕೈ ತೋರ್ಸು. ನೋಡಿ. ಇದಕ್ಕೆ ನಾನು ಹೊಣೆ. ಸಾರ್ ಕೇಳಿದ್ದು ಸರಿಯಾಗೇ ಇದೆ. ನಾನೂ ಒಂದು ಕೇಳ್ತೀನಿ. ಪಂಪ್ ಕೋಣೇಲಿರೋ ಬ್ಯಾಟರಿ ಮರಳಿನೊಳಗಿವೆ, ಬೀಗದ ಹಿಂದಿವೆ. ನಿಮ್ಮನಿಮ್ಮ ಮನೇಲಿ ಇರೋವು ಎಲ್ಲಿವೆ? ಸತ್ತ ಫೋನು ಒಂದೂ ಇಲ್ಲ ಅನ್ನೋರು ಕೈ ಎತ್ತಿ."

ಯಾರ ಕೈಯೂ ಏಳಲಿಲ್ಲ. ಕಾರ್ಯದರ್ಶಿ ಮಾತ್ರ, ಹಟಕ್ಕೆ ಬಿದ್ದು, ಅರ್ಧ ಕೈ ಎತ್ತಿದರು. ಹಿಂದಿನ ಸಾಲಿನಿಂದ ಅವರ ಹೆಂಡತಿಯ ದನಿ ಕೇಳಿಸಿತು.

"ರೀ, ಕೈ ಇಳಿಸ್ರೀ. ಒಂಬತ್ತಿವೆ. ಬಿಸ್ಕತ್ ಡಬ್ಬೀಲಿ. ನೀವು ಮಲಗೋ ಮಂಚದ ಕೆಳಗೆ."

ನಗು ಮೆಟ್ಟಿಲು ಹತ್ತಿ ನಾಲ್ಕನೆಯ ಮಹಡಿಯವರೆಗೆ ಹೋಯಿತು. "ಅದಕ್ಕೇ ಅವರಿಗೆ ಇಷ್ಟು ಬಿಸಿ," ಎಂದಳು ಅತ್ತೆ. ಕೊನೆಗೆ ಕಾರ್ಯದರ್ಶಿಯೂ ನಕ್ಕರು. ಮೂರು ತಿಂಗಳ ಮಟ್ಟಿಗೆ ಕೋಣೆ ಅಕ್ಕನದ್ದು, ಬಾಗಿಲಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಬೇಕು, ಬ್ಯಾಟರಿಗಳು ಹದಿನೈದು ದಿನಕ್ಕೊಮ್ಮೆ ಮರುಬಳಕೆ ಕಾರ್ಖಾನೆಗೆ ಹೋಗಬೇಕು ಎಂದು ತೀರ್ಮಾನವಾಯಿತು. ಸಂಜೆ ಬಿಸ್ಕತ್ ಡಬ್ಬಿಯನ್ನು ಅವರೇ ಎರಡೂ ಕೈಯಲ್ಲಿ, ಮೈಯಿಂದ ಆದಷ್ಟು ದೂರ ಹಿಡಿದು ತಂದುಕೊಟ್ಟರು.

ಅಕ್ಕ ಬರೀ ಕೂಡಿಡುವವಳಾಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಕೆಟ್ಟ ಬೋರ್ಡು ಕಂಡರೆ ಅವಳ ಬೆರಳು ಸುಮ್ಮನಿರುತ್ತಿರಲಿಲ್ಲ. ಸಭೆಯ ಸುದ್ದಿ ಅಕ್ಕಪಕ್ಕದ ಕಟ್ಟಡಗಳಿಗೂ ಹಬ್ಬಿ, ಎರಡು ತಿಂಗಳಲ್ಲಿ ಮೂವತ್ತೊಂದು ಸತ್ತ ಕಂಪ್ಯೂಟರುಗಳು ಬಂದು ಬಿದ್ದಿದ್ದವು. ಬಿಚ್ಚಿ ನೋಡಿದರೆ ಅರ್ಧಕ್ಕರ್ಧ ಒಂದೇ ಕಾಯಿಲೆ. ಕರೆಂಟನ್ನು ಕೂಡಿಟ್ಟುಕೊಳ್ಳುವ, ಕಿರುಬೆರಳ ತುದಿಯಷ್ಟಿರುವ ಕೆಪಾಸಿಟರುಗಳು ತಲೆ ಉಬ್ಬಿಸಿಕೊಂಡು ಕೂತಿದ್ದವು. ಅಷ್ಟಕ್ಕೇ ಇಡೀ ಪೆಟ್ಟಿಗೆಯನ್ನು ಸತ್ತಿತೆಂದು ಮೂಲೆಗೆ ತಳ್ಳಿದ್ದರು. ಅಕ್ಕ ಐರನ್ ಕಾಯಿಸಿ, ಬೆಣ್ಣೆಯಿಂದ ಕೂದಲು ತೆಗೆದಂತೆ ಕೆಟ್ಟವನ್ನು ತೆಗೆದು, ಬೇರೆ ಬೋರ್ಡಿನ ಒಳ್ಳೆಯವನ್ನು ಕೂರಿಸಿದಳು. ಒಂದರ ಮೆಮೊರಿ ಇನ್ನೊಂದಕ್ಕೆ, ಇನ್ನೊಂದರ ಫ್ಯಾನು ಮತ್ತೊಂದಕ್ಕೆ. ಒಳಗೆ ಉಳಿದಿದ್ದ ಫೋಟೋಗಳನ್ನು ಯಜಮಾನರಿಗೆ ಒಪ್ಪಿಸಿ ಡಿಸ್ಕುಗಳನ್ನು ಅಳಿಸಿದಳು. ಮೂರನೆಯ ಮಹಡಿಯ ಮುದುಕರೊಬ್ಬರು, ಸ್ಕ್ಯಾನ್ ಮಾಡಿಸಿಟ್ಟು ಕಳೆದೇಹೋದವು ಎಂದುಕೊಂಡಿದ್ದ ತಮ್ಮ ಮದುವೆಯ ಫೋಟೋಗಳನ್ನು ಮತ್ತೆ ಕಂಡು, ಹೆಂಡತಿಯನ್ನು ಕೂಗಿ ಕರೆದು, "ನೋಡೇ, ನನಗೂ ಕೂದಲಿತ್ತು" ಎಂದರು.

ಮೂವತ್ತೊಂದರಲ್ಲಿ ಹದಿನಾಲ್ಕು ಎದ್ದು ಕೂತವು. ಅವನ್ನೆಲ್ಲ ಎಲ್ಲಿಗೆ ಕೊಡುವುದು? ತಂಗಿಯೇ ದಾರಿ ತೋರಿಸಿದಳು. ಅವಳ ಮಗಳು ಓದುವ ಸರ್ಕಾರಿ ಶಾಲೆಯಲ್ಲಿ ಕಂಪ್ಯೂಟರ್ ಪಾಠವಿತ್ತು, ಕಂಪ್ಯೂಟರ್ ಇರಲಿಲ್ಲ. ಮೇಷ್ಟರು ಕೀಬೋರ್ಡಿನ ಚಿತ್ರವನ್ನು ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದರು, ಮಕ್ಕಳು ಗಾಳಿಯಲ್ಲಿ ಬೆರಳಾಡಿಸುತ್ತಿದ್ದರು.

ಶನಿವಾರ ಅಕ್ಕನ ಗಂಡ ಡಿಪೋದವರನ್ನು ಕೇಳಿ ಒಂದು ವ್ಯಾನ್ ತಂದ. ಹದಿನಾಲ್ಕು ಪೆಟ್ಟಿಗೆಗಳು, ಹದಿನಾಲ್ಕು ಪರದೆಗಳು ಶಾಲೆಯ ಉದ್ದನೆಯ ಕೋಣೆಯಲ್ಲಿ ಸಾಲಾಗಿ ಕೂತವು. ಹೆಡ್ ಮಿಸ್ಸು, ಮೇಷ್ಟರು, ಕಾರ್ಯದರ್ಶಿ, ಕಿಟಕಿ ತುಂಬ ಮಕ್ಕಳು. ಅಕ್ಕ ಮುಖ್ಯ ಸ್ವಿಚ್ಚು ಒತ್ತಿದಳು. ಏನೂ ಆಗಲಿಲ್ಲ. ಒಂದೂ ಮಿಣುಕಲಿಲ್ಲ. ಕಾರ್ಯದರ್ಶಿ ಕೆಮ್ಮಿದರು. ಹದಿನಾಲ್ಕೂ ಒಟ್ಟಿಗೆ ಕೆಡುವುದುಂಟೇ? ಅಕ್ಕ ಗೋಡೆಯ ಸ್ವಿಚ್ ಬೋರ್ಡನ್ನು ಬಿಚ್ಚಿ ನೋಡಿದಳು. ಒಳಗೆ ತಂತಿಯೊಂದು ತಿರುಪಿನಿಂದ ಕಳಚಿ ನೇತಾಡುತ್ತಿತ್ತು.

"ನನ್ನವು ಸರಿಯಾಗೇ ಇವೆ," ಎಂದಳು ಅಕ್ಕ ಜೋರಾಗಿ. "ನಿಮ್ಮ ಗೋಡೆಗೇ ಜ್ವರ." ಕರೆಂಟು ತೆಗೆಸಿ, ತಂತಿ ಬಿಗಿದು, ಮತ್ತೆ ಒತ್ತಿದಳು.

ಒಂದು. ಎರಡು. ಐದು. ಹದಿನಾಲ್ಕೂ ಬೆಳಗಿದವು. ಕಿಟಕಿಯಲ್ಲಿದ್ದ ಮಕ್ಕಳ ಕೇಕೆಗೆ ಹೊರಗಿನ ಮರದ ಹಕ್ಕಿಗಳೆಲ್ಲ ಹಾರಿಹೋದವು. ತಂಗಿಯ ಮಗಳು ಮೊದಲ ಕುರ್ಚಿಯಲ್ಲಿ ಕೂತು ತನ್ನ ತಾಯಿಯ ಹೆಸರನ್ನು ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ತಂಗಿ ಪರದೆಯ ಹತ್ತಿರ ಬಗ್ಗಿ ಅದನ್ನು ಓದಿಕೊಂಡು, ಅಕ್ಕನ ಕೈ ಹಿಡಿದುಕೊಂಡಳು. ಅಕ್ಕ ಅತ್ತದ್ದನ್ನು ಅವಳ ಗಂಡ ಮೊದಲ ಬಾರಿಗೆ ನಾಲ್ಕು ಜನರ ಮುಂದೆ ಕಂಡ; ಜೇಬಿನಿಂದ ಕರವಸ್ತ್ರ ತೆಗೆದು ಕೊಡಹೋಗಿ, ತಾನೇ ಕಣ್ಣೊರೆಸಿಕೊಂಡ.

ಉಳಿದ ಹದಿನೇಳನ್ನು ಒಯ್ಯಲು ಮರುಬಳಕೆ ಕಾರ್ಖಾನೆಯ ಎಂಜಿನಿಯರಮ್ಮ ತಾನೇ ಬಂದಳು. ಪಂಪ್ ಕೋಣೆಯಲ್ಲಿ ತಾಮ್ರ ಒಂದು ಕಡೆ, ಅಲ್ಯುಮಿನಿಯಂ ಒಂದು ಕಡೆ, ಬೋರ್ಡುಗಳು ಜಾತಿವಾರು, ಒಂದೂ ಸೀಳದ ಹಾಗೆ. ಒಂದು ಬೋರ್ಡನ್ನು ಎತ್ತಿ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು.

"ಇದನ್ನ ಬಿಡಿಸಿದ್ದು ಯಾರು?"

"ನಾವಿಬ್ರೇ," ಎಂದಳು ಅಕ್ಕ, ಏನೋ ತಪ್ಪಾಯಿತೇನೋ ಎಂಬ ಅಳುಕಿನಲ್ಲಿ.

"ನಮ್ಮಲ್ಲಿ ಯಂತ್ರ ಇದನ್ನೆಲ್ಲ ಪುಡಿ ಮಾಡುತ್ತೆ ಅಮ್ಮ. ಮತ್ತೆ ಬಳಸೋಕೆ ಬರೋ ಅರ್ಧ ಸಾಮಾನು ಪುಡೀಲೇ ಹೋಗುತ್ತೆ. ಹೀಗೆ ಇಡಿಯಾಗಿ ಬಿಡಿಸೋ ಕೈ ನಮಗೆ ಸಿಗ್ತಾನೇ ಇಲ್ಲ. ಬಂದು ನಮ್ಮೋರಿಗೆ ಕಲಿಸ್ತೀರಾ?"

ಅಕ್ಕನಿಗೆ ತಾನು ಕೇಳಿದ್ದು ಸರಿಯೋ ಎಂದು ಅನುಮಾನ. ಅತ್ತೆಗೆ ಅಂಥ ಅನುಮಾನವೇನೂ ಇರಲಿಲ್ಲ. ಕುರ್ಚಿಯಿಂದಲೇ, "ಬರ್ತಾಳೆ. ಯಾವತ್ತಿಂದ?" ಎಂದಳು.

ಸೋಮವಾರದಿಂದಲೇ ಅಕ್ಕ ಹೊರಟಳು. ಮೊದಲ ತಂಡದಲ್ಲಿ ಇಪ್ಪತ್ತು ಜನ. ವರ್ಷ ತುಂಬುವುದರೊಳಗೆ ನೂರಾ ಹತ್ತು ಜನ ಅವಳ ಕೈಕೆಳಗೆ ಕಲಿತು ಕೆಲಸ ಹಿಡಿದರು. ಆ ವರ್ಷ ಅವರ ವಾರ್ಡಿನ ಕಸದ ಲಾರಿಗಳಲ್ಲಿ ಒಂದು ಕಿಡಿಯೂ ಏಳಲಿಲ್ಲ. ಹನ್ನೊಂದು ಕಟ್ಟಡಗಳಲ್ಲಿ ಪಂಪ್ ಕೋಣೆಯಂಥ ಕೋಣೆಗಳು ತೆರೆದವು. ಅವುಗಳ ಮೇಲ್ವಿಚಾರಣೆಗೆ ನಗರಸಭೆಯವರು ಒಬ್ಬರನ್ನು ಹುಡುಕುತ್ತಿದ್ದಾಗ ಅಕ್ಕ ಎರಡನೆಯ ಮಾತಿಲ್ಲದೆ ತಂಗಿಯ ಹೆಸರು ಹೇಳಿದಳು.

ಆ ಕೆಲಸದ ಮೊದಲ ದಿನ ತಂಗಿ ಎದೆಯ ಮೇಲೆ ಗುರುತಿನ ಚೀಟಿ ಸಿಕ್ಕಿಸಿಕೊಂಡು, ಹನ್ನೊಂದು ಕಟ್ಟಡಗಳ ಕಾರ್ಯದರ್ಶಿಗಳನ್ನು ಸಾಲಾಗಿ ಕೂರಿಸಿ ಬ್ಯಾಟರಿಗೆ ಟೇಪು ಸುತ್ತುವುದನ್ನು ಕಲಿಸಿದಳು. ಅಕ್ಕ ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಿದ್ದಳು. ಇಸ್ತ್ರಿ ಅಂಗಿಯ ಕಾರ್ಯದರ್ಶಿ ಎರಡು ಬಾರಿ ತಪ್ಪು ಸುತ್ತಿದರು.

"ಬಿಚ್ಚಿ ಸಾರ್," ಎಂದಳು ತಂಗಿ. "ಇನ್ನೊಂದ್ಸಲ ಸುತ್ತಿ. ಆತುರ ಏನಿಲ್ಲ, ನಾನು ಇಲ್ಲೇ ಇರ್ತೀನಿ."

ಅವರು ಬಿಚ್ಚಿ ಮತ್ತೆ ಸುತ್ತತೊಡಗಿದರು.