ಎಲ್ಲರಿಗೂ ಒಂದೇ ಪಾಸ್‌ವರ್ಡ್

ಆ ದಿನ ಸುಮತಿ ಮೇಡಮ್ ಅವರ ಮೇಜಿನ ಮೇಲೆ, ಅವರ ಮಾತನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತ ಬಿದ್ದಿದ್ದ ಫೋನ್ ನನ್ನದು. ಸಂತೋಷನದಲ್ಲ. ಇಷ್ಟನ್ನು ಬರೆಯಲು ನನಗೆ ವರ್ಷಗಳೇ ಹಿಡಿದವು — ಬರೆದ ಮೇಲೂ ಅಳಿಸಿಬಿಡೋಣವೇ ಅನ್ನಿಸುತ್ತಿದೆ. ಅಳಿಸಲೇಬೇಕಾದದ್ದನ್ನು ಅಂದು ಅಳಿಸದೆ ಉಳಿಸಿದವನು ನಾನು.

ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗ ನಾನು. ಇದನ್ನು ಹೇಳುವಾಗ ಈಗಲೂ ಎದೆ ಉಬ್ಬುತ್ತದೆ, ಸುಳ್ಳೇಕೆ ಹೇಳಲಿ. ಅಪ್ಪ ಇಂಡಿ ಕಡೆಯಿಂದ ಪುಣೆಗೆ ಬಂದು ಭೋಸರಿಯ ಎರಕದ ಕಾರ್ಖಾನೆಯಲ್ಲಿ ಮೈ ಸುಟ್ಟುಕೊಂಡು ದುಡಿದವರು. ಅವ್ವನಿಗೆ ಇಂದಿಗೂ ಸಹಿ ಬಾರದು. ನಾನು ಹಗಲು ಅದೇ ಭೋಸರಿಯ ಗೋದಾಮಿನಲ್ಲಿ ಕೆಲಸ ಮಾಡುತ್ತ ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದೆ. ಪಾಠ ಶುರುವಾದ ಮೇಲೆಯೇ ನಾನು ತಲುಪುತ್ತಿದ್ದೆ, ಬೆವರು ಆರುವ ಮುಂಚೆಯೇ ಗಂಟೆ ಮುಗಿದಿರುತ್ತಿತ್ತು. ಬರೆದುಕೊಳ್ಳಲು ಬೆರಳು ಬಗ್ಗುತ್ತಿರಲಿಲ್ಲ.

ಅದಕ್ಕೇ ನೋಟ್ಸಿನ ಆ್ಯಪ್ ಹುಡುಕಲು ಹೊರಟೆ. ಒಂದು ನೋಡಲು ಚೆಂದವಿತ್ತು, ನನ್ನ ಹಳೆಯ ಫೋನಿನಲ್ಲಿ ತೆರೆಯುತ್ತಲೇ ಇರಲಿಲ್ಲ. ಇನ್ನೊಂದಕ್ಕೆ ಸದಾ ನೆಟ್ ಬೇಕು. ಕೊನೆಗೆ ಸಿಕ್ಕಿದ್ದು ನನಗಾಗಿಯೇ ಮಾಡಿದ ಹಾಗಿತ್ತು: ಪುಟದಲ್ಲಿ ಬರೆಯಬಹುದು, ಹಲಗೆಯ ಫೋಟೋ ಅಂಟಿಸಬಹುದು, ಅದೇ ಪುಟದಲ್ಲಿ ಪಾಠದ ದನಿಯನ್ನೂ ಹಿಡಿದಿಡಬಹುದು. ನೆಟ್ ಸಿಕ್ಕ ಕೂಡಲೇ ಎಲ್ಲವೂ ತಾನಾಗಿ ಅಪ್‌ಲೋಡ್ ಆಗಿ, ಮೇಲೇರಿ ಖಾತೆಯಲ್ಲಿ ಕೂರುತ್ತಿತ್ತು. ತರಗತಿಯ ಹುಡುಗರಿಗೆ ತೋರಿಸಿದೆ. ಎಲ್ಲರೂ ನನ್ನಂತೆಯೇ ಕೆಲಸದಿಂದ ಓಡಿ ಬರುವವರು. ಬೇರೆ ಬೇರೆ ಖಾತೆ ಯಾಕೆ, ಒಂದೇ ಇರಲಿ, ಯಾರು ಬಂದರೋ ಅವರು ಹಾಕಲಿ, ಬಾರದವರು ನೋಡಿಕೊಳ್ಳಲಿ ಅಂದರು. ಹಾಗೆ ಇಡೀ ತರಗತಿಗೆ ಒಂದೇ ಖಾತೆ, ಒಂದೇ ಪಾಸ್‌ವರ್ಡ್. ಯಾವ ಪುಟವನ್ನು ಯಾರು ಹಾಕಿದರು ಎಂದು ಯಾರಿಗೂ ತಿಳಿಯುವಂತಿರಲಿಲ್ಲ. ಆಗ ಅದು ಒಗ್ಗಟ್ಟು ಅನ್ನಿಸಿತ್ತು.

ಸುಮತಿ ಮೇಡಮ್ ಕಾಸ್ಟಿಂಗ್, ಅಂದರೆ ತಯಾರಿಕೆಯ ವೆಚ್ಚದ ಲೆಕ್ಕ, ಕಲಿಸುತ್ತಿದ್ದರು. ಧಾರವಾಡದವರು. ವರ್ಷ ವರ್ಷಕ್ಕೆ ಮುಂದುವರಿಸುವ ಗುತ್ತಿಗೆಯ ನೌಕರಿ. ಮರಾಠಿ ಹುಡುಗರ ನಡುವೆ ನಾವು ಕನ್ನಡದವರು ಇಬ್ಬರೇ — ನಾನು ಮತ್ತು ದಾವಣಗೆರೆಯ ಸಂತೋಷ. ಅವನು ಹಿಂಜೆವಾಡಿಯ ಕಂಪನಿಯೊಂದರಲ್ಲಿ ಕಂಪ್ಯೂಟರ್ ರಿಪೇರಿಗೆ ಕರೆ ತೆಗೆದುಕೊಳ್ಳುವ ಕೆಲಸದಲ್ಲಿದ್ದ. ಮೇಡಮ್ ಮರಾಠಿಯಲ್ಲಿ ಪಾಠ ಮುಗಿಸಿ, ನಮ್ಮಿಬ್ಬರನ್ನು ನಿಲ್ಲಿಸಿಕೊಂಡು, ಅದನ್ನೇ ಮತ್ತೆ ಕನ್ನಡದಲ್ಲಿ ಹೇಳುತ್ತಿದ್ದರು. ದನಿ ಹಿಡಿಯಲು ನಮ್ಮಿಬ್ಬರ ಫೋನುಗಳನ್ನು ಅವರ ಮೇಜಿನ ಮೇಲೆ ಇಡುವುದು ರೂಢಿಯಾಗಿತ್ತು.

ಒಮ್ಮೆ ನನ್ನನ್ನು ಎಬ್ಬಿಸಿ, "ಓವರ್‌ಹೆಡ್ ಅಂದ್ರೇನೋ ಮಲ್ಲು?" ಅಂದರು. ನಾನು ಫೋನಿನತ್ತ ಕೈ ಚಾಚಿದೆ.

"ಅದನ್ನ ಬಿಡು. ಪರೀಕ್ಷಾ ನಿನಗದ, ಫೋನಿಗಲ್ಲ."

"ಅವನ ತಲೇನ ಚಾರ್ಜಿಗೆ ಹಾಕಿದಾನೆ ಮೇಡಮ್, ಬಿಡಿ," ಅಂದ ಸಂತೋಷ. ಮೇಡಮ್ ನಕ್ಕರು. ನಾನೂ ನಕ್ಕೆ. ಆದರೆ ಉತ್ತರ ನನ್ನಲ್ಲಿರಲಿಲ್ಲ. ಆ್ಯಪಿನಲ್ಲಿತ್ತು, ಹೆಸರು ಕೊಟ್ಟ ಪುಟದಲ್ಲಿ, ಬಣ್ಣ ಬಳಿದ ಸಾಲಿನಲ್ಲಿ. ಸಂಗ್ರಹಿಸಿಟ್ಟದ್ದನ್ನೇ ಕಲಿತದ್ದು ಅಂದುಕೊಂಡಿದ್ದೆ ನಾನು.

ಆ ದಿನ ಪಾಠ ಮುಗಿದ ಮೇಲೆ ಸಂತೋಷ ತನ್ನ ಫೋನ್ ಎತ್ತಿಕೊಂಡು ಹೊರಟ. ನಾನು ಪರೀಕ್ಷೆಯ ಅರ್ಜಿ ಕೊಡಲು ಆಫೀಸಿನ ಸಾಲಿಗೆ ಓಡಿದೆ. ಫೋನ್ ಮೇಜಿನ ಮೇಲೆಯೇ ಉಳಿಯಿತು. ಮರಳಿ ಬಂದಾಗ ಕೋಣೆ ಖಾಲಿ; ಫೋನ್ ಇನ್ನೂ ದನಿ ಹಿಡಿಯುತ್ತಲೇ ಇತ್ತು, ನಿಲ್ಲಿಸಿ ಎತ್ತಿಕೊಂಡೆ. ಬಸ್ಸಿನಲ್ಲಿ ಕಿವಿಗೆ ತಂತಿ ಸಿಕ್ಕಿಸಿಕೊಂಡು ಪಾಠ ಕೇಳುತ್ತ ಹೋದೆ. ಪಾಠ ಮುಗಿಯಿತು, ಬೆಂಚು ಸರಿದ ಸದ್ದು, ಆಮೇಲೆ ಮೌನ — ಆಮೇಲೆ ಮೇಡಮ್ ಅವರ ದನಿ. ಊರಲ್ಲಿರುವ ಅಕ್ಕನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದರು, ಕನ್ನಡದಲ್ಲಿ. ಪುಣೆಯಲ್ಲಿ ನಾವೆಲ್ಲ ಮಾಡುವ ತಪ್ಪೇ ಅದು: ಕನ್ನಡದಲ್ಲಿ ಆಡಿದರೆ ಬಾಗಿಲು ಹಾಕಿಕೊಂಡು ಆಡಿದ ಹಾಗೆ ಎಂದು ನಂಬಿರುತ್ತೇವೆ.

"ಕ್ಲಾಸಿಗೆ ಮುಖಾ ತೋರಿಸಲಾರದವರಿಗೂ ಇಂಟರ್ನಲ್ ಮಾರ್ಕ್ಸ್ ಹಾಕು ಅಂತಾರ ಅಕ್ಕಾ. ನಾ ಸಹಿ ಮಾಡಂಗಿಲ್ಲ ಅಂದೀನಿ. ಸೆಕ್ರೆಟರಿ ಮುಖಾ ನೋಡಬೇಕಿತ್ತು ನೀ..." ಎಂದು ನಕ್ಕರು. ಆಮೇಲೆ, "ಒಬ್ಬ ಹುಡುಗ ಅದಾನ, ನಮ್ಮ ಕಡೆಯವನ. ಭಾಳ ಕಷ್ಟಪಡ್ತಾನ. ಆದ್ರ ಎಲ್ಲಾ ಫೋನಿನ್ಯಾಗ ತುಂಬಿಡ್ತಾನವಾ, ತಲ್ಯಾಗ ಒಂದೂ ಇಲ್ಲ. ಈ ಸಲ ಅವನಿಗೂ ಕೊಡಂಗಿಲ್ಲ ನಾ. ಕೊಟ್ರ ಅವನಿಗೇ ಮೋಸ ಮಾಡಿದಂಗ. ಇನ್ನೊಂದು ವರ್ಷ ಕುಂದರಿಸಿ ಕಲಸ್ತೀನಿ."

ಇಡೀ ಮಾತನ್ನು ಕೇಳಿದೆ. ಕೊನೆಯ ವಾಕ್ಯವನ್ನೂ ಕೇಳಿದೆ. ನನಗೆ ಅರ್ಧವೇ ಕೇಳಿಸಿತ್ತು ಎಂದು ಹೇಳಿ ಪಾರಾಗಲು ದಾರಿಯಿಲ್ಲ. ಅವರು ನನ್ನನ್ನು ಬಿಟ್ಟುಕೊಡುವುದಿಲ್ಲ ಎಂದೇ ಹೇಳಿದ್ದರು. ಆದರೆ ನನಗೆ ಕಂಡದ್ದು ಬೇರೆ — ಮನೆಯಲ್ಲಿ ಅಪ್ಪ ಆಗಲೇ ಭೋಸರಿಯ ಗೆಳೆಯರಿಗೆಲ್ಲ "ನನ್ನ ಮಗ ಈ ವರ್ಷ ಗ್ರಾಜುಯೇಟ್" ಅಂದಾಗಿತ್ತು.

ಆ ಪುಟದ ಪಕ್ಕದಲ್ಲಿ ಸಣ್ಣ ವೃತ್ತವೊಂದು ಸುತ್ತುತ್ತಿತ್ತು. ಮೇಲೇರುತ್ತಿದೆ ಎಂದು ಅದರರ್ಥ. ಅಳಿಸುವ ಗುಂಡಿ ಬೆರಳಿನಡಿಯಲ್ಲೇ ಇತ್ತು. ಬಸ್ಸು ನಾಶಿಕ್ ಫಾಟಾ ದಾಟಿತು. ವೃತ್ತ ನಿಂತು ಹಸಿರು ಗುರುತು ಬಂತು. ನಾನು ಫೋನನ್ನು ಜೇಬಿಗೆ ಹಾಕಿದೆ.

ಏನೂ ಮಾಡಲಿಲ್ಲ ನಾನು. ಮಾಡಿದ್ದು ಅದನ್ನೇ.

ಮುಂದಿನದು ತನ್ನಷ್ಟಕ್ಕೆ ನಡೆಯಿತು ಅನ್ನಲಾರೆ, ಆದರೆ ಹಾಗೆಯೇ ಕಾಣುತ್ತಿತ್ತು. ಯಾರೋ ಪಾಠ ಕೇಳಲು ಪುಟ ತೆರೆದರು. ಮೇಡಮ್ ಬಾಯಲ್ಲಿ 'ಸೆಕ್ರೆಟರಿ', 'ಇಂಟರ್ನಲ್', 'ಸಹಿ' — ಅಷ್ಟು ಸಾಕಾಯಿತು. ಕ್ಯಾಂಟೀನಿನಲ್ಲಿ ಅದನ್ನು ಮತ್ತೆ ಮತ್ತೆ ಹಾಕಿ ಅವರ ಕನ್ನಡವನ್ನು ಅಣಕಿಸಿ ನಕ್ಕರು. ಆಮೇಲೆ ನಗು ನಿಂತಿತು. ಆ ರೆಕಾರ್ಡಿಂಗ್ ಆಫೀಸಿಗೆ ಹೋಗಿದೆ ಎಂದು ಆ ಮೌನದಿಂದಲೇ ನನಗೆ ತಿಳಿಯಿತು. ಪ್ಯೂನ್ ಬಂದು ನನ್ನನ್ನು ಕರೆದ.

ಸಂಸ್ಥೆಯ ಸೆಕ್ರೆಟರಿ ಮೆಲ್ಲಗೆ ಮಾತಾಡುವ ಮನುಷ್ಯ. ಎದುರಿನ ಕುರ್ಚಿ ತೋರಿಸಿದರು. ಅಂಥ ಕುರ್ಚಿಯಲ್ಲಿ ನಮ್ಮ ಮನೆಯವರು ಯಾರೂ ಕೂತವರಲ್ಲ. "ತೂ ಕಾನಡೀ ಆಹೇಸ್ ನಾ? ಮ್ಯಾಡಮ್ ಕಾಯ್ ಮ್ಹಣತಾಯತ್?" — ನೀನು ಕನ್ನಡದವನಲ್ಲವೇ, ಮೇಡಮ್ ಏನನ್ನುತ್ತಿದ್ದಾರೆ ಎಂದು ಕೇಳಿ ಆ ದನಿಯನ್ನು ಹಾಕಿದರು.

ಮನೆಯ ಮಾತು ಸರ್, ಅಕ್ಕನ ಆರೋಗ್ಯದ ಮಾತು — ಇಷ್ಟಂದರೆ ಸಾಕಿತ್ತು. ನಾನು ಒಂದೊಂದೇ ವಾಕ್ಯವನ್ನು ಮರಾಠಿಗೆ ಮಾಡಿ ಹೇಳಿದೆ. ಸೇರಿಸಲಿಲ್ಲ, ಬದಲಿಸಲಿಲ್ಲ. ನನ್ನ ಬಗ್ಗೆ ಆಡಿದ್ದನ್ನು ಮಾತ್ರ ಬಿಟ್ಟೆ. ಅವರು "ಶಾಬ್ಬಾಸ್" ಅಂದರು. ನನ್ನ ರೋಲ್ ನಂಬರ್ ಕೇಳಿದರು. ಯಾಕೆ ಎಂದು ನಾನು ಕೇಳಲಿಲ್ಲ — ಗೊತ್ತಿತ್ತು.

ಮರುದಿನ ಪಾಠದ ನಂತರ ಮೇಡಮ್ ನಮ್ಮಿಬ್ಬರನ್ನು ನಿಲ್ಲಿಸಿಕೊಂಡರು. ಕೈಯಲ್ಲಿ ಪುಸ್ತಕವಿರಲಿಲ್ಲ.

"ನನ್ನ ಮಾತು ಆಫೀಸಿಗೆ ಹೋಗ್ಯಾವ. ಕನ್ನಡ ತಿಳಿದವರ ಹೇಳಿರಬೇಕು. ಫೋನ್ ಯಾರದಿತ್ತು? ನಾ ಬೈಯಂಗಿಲ್ಲ. ಹೇಳ್ರಿ."

ಸಂತೋಷ ನನ್ನ ಮುಖ ನೋಡಿದ. ಅವನಿಗೆ ಸಂಶಯವಿರಲಿಲ್ಲ, ಬರೀ ಗಾಬರಿಯಿತ್ತು. ಅವನು ಬಾಯಿ ತೆರೆಯುವ ಮುಂಚೆ ನಾನು ಹೇಳಿದೆ —

"ನನ್ನ ಫೋನ್ ಬಂದ್ ಇತ್ರೀ ಮೇಡಮ್. ಟೇಬಲ್ ಮ್ಯಾಲಿದ್ದದ್ದು ಸಂತೋಷನದು."

"ಲೋ, ಏನೋ ಹೇಳ್ತಿದೀಯ ನೀನು? ಮೇಡಮ್, ನಾನಲ್ಲ, ನಿಜವಾಗ್ಲೂ ನಾನಲ್ಲ..."

ಮೇಡಮ್ ಒಬ್ಬರಿಂದೊಬ್ಬರಿಗೆ ಕಣ್ಣು ಹೊರಳಿಸಿದರು. ಅವರು ನನ್ನನ್ನೇ ನಂಬಿದರು. ಯಾಕೆಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ನಾನು ಆಡಿದ ಸುಳ್ಳು ಅವರ ಮನೆಯ ಮಾತಿನಂತಿತ್ತು, ಸಂತೋಷ ಆಡಿದ ನಿಜ ಪರವೂರಿನ ಮಾತಿನಂತಿತ್ತು. ಇಷ್ಟೇ ಇರಬೇಕು. "ಹೋಗಪ್ಪಾ ನೀ," ಅಂದರು ಅವನಿಗೆ. ಅಷ್ಟೇ ಅಂದರು.

ಆ ವರ್ಷ ಮೇಡಮ್ ಗುತ್ತಿಗೆ ಮುಂದುವರಿಯಲಿಲ್ಲ. ಅವರ ಜಾಗಕ್ಕೆ ಬಂದವರು ಕೇಳಿದ ಕಡೆಯಲ್ಲೆಲ್ಲ ಸಹಿ ಮಾಡಿದರು. ನನ್ನ ಇಂಟರ್ನಲ್ ಮಾರ್ಕ್ಸ್ ನಾನು ಕನಸಿನಲ್ಲೂ ಕಾಣದಷ್ಟು ಬಂದವು. ನನ್ನ ಸುಳ್ಳು ತರಗತಿಗೆಲ್ಲ ಹಬ್ಬಿತು; ಸಂತೋಷನ ಪಕ್ಕ ಕೂರಲು ಯಾರೂ ಒಪ್ಪಲಿಲ್ಲ. ಯಾರಾದರೂ ಮೆಲ್ಲಗೆ ಮಾತಾಡುತ್ತಿದ್ದಾಗ ಅವನು ಒಳಗೆ ಬಂದರೆ "ಏ, ರೆಕಾರ್ಡಿಂಗ್ ಆಲಾ ರೇ" — ಬಂತು ನೋಡು ರೆಕಾರ್ಡಿಂಗ್ — ಅನ್ನುತ್ತಿದ್ದರು. ಪರೀಕ್ಷೆಗೆ ಮುಂಚೆಯೇ ಅವನು ಕಾಲೇಜು ಬಿಟ್ಟ. ನಾನು ಗ್ರಾಜುಯೇಟ್ ಆದೆ. ಅವ್ವ ಓಣಿಗೆಲ್ಲ ಶಿರಾ ಹಂಚಿದಳು.

ಅಡ್ಡದಾರಿಯಲ್ಲಿ ಬಂದ ಪದವಿಯಾದರೂ ಆಮೇಲಿನ ದುಡಿಮೆ ನಿಜವೇ. ಚಾಕಣದ ಬಿಡಿಭಾಗಗಳ ಕಾರ್ಖಾನೆಯಲ್ಲಿ ಲೆಕ್ಕಪತ್ರದ ಕೆಲಸ ಸಿಕ್ಕಿತು. ಅಲ್ಲಿ ಕಾಸ್ಟಿಂಗನ್ನು ನಾನು ನಿಜವಾಗಿ ಕಲಿತೆ, ಬೈಸಿಕೊಂಡು, ತಪ್ಪಿ, ತಿದ್ದಿಕೊಂಡು. ಇದನ್ನು ಹೇಳುವುದು ತೂಕ ಸರಿಹೋಗಲಿ ಎಂದಲ್ಲ. ಸರಿಹೋಗುವುದಿಲ್ಲ.

ಮೇಡಮ್ ಈಗ ಖಡಕಿಯಲ್ಲಿ ಮನೆಯಲ್ಲೇ ಪಾಠ ಹೇಳುತ್ತಾರೆ. ಹೇಗೋ ನನ್ನ ನಂಬರ್ ಹುಡುಕಿ, ಹುಡುಗರಿಗೆ ಆ್ಯಪಿನಲ್ಲಿ ಓದುವುದು ಹೇಗೆಂದು ಹೇಳು ಬಾ ಎಂದು ಕರೆದರು. ಹೋದೆ. ಆಮೇಲೆ ಆಗಾಗ ಹೋಗುತ್ತಲೇ ಇದ್ದೆ. ಪ್ರತಿ ಸಲವೂ ಅವರು ನನ್ನ ಹೆಗಲ ಮೇಲೆ ಕೈಯಿಟ್ಟು, "ಇವ ನೋಡ್ರಿ, ಇವ್ರ ಮನ್ಯಾಗ ಇವನ ಮೊದಲ್ನೇದವ," ಅನ್ನುತ್ತಿದ್ದರು. ಕೊನೆಯಲ್ಲಿ, ಒಂದು ಖಾತೆಯನ್ನು ಹಲವರು ಬಳಸಬೇಡಿ ಎಂದು ಎಚ್ಚರಿಸಿ, "ಸಂತೋಷ ಅಂತ ಒಬ್ಬಾವ ಇದ್ದ" ಎಂದು ಶುರು ಮಾಡುತ್ತಿದ್ದರು. ಆ ಹೆಸರು ಬರುವ ಮುಂಚೆ ಅವರ ದನಿ ಇಳಿಯುತ್ತಿತ್ತು. ಅದು ಬರುತ್ತಿದೆ ಎಂದು ನನಗೆ ತಿಳಿಯುತ್ತಿತ್ತು. ಕೂತಲ್ಲೇ ಕೂತಿರುತ್ತಿದ್ದೆ, ಮುಖ ಕದಲಿಸದೆ. ಅಲ್ಲಿದ್ದ ಮಕ್ಕಳು, ಒಮ್ಮೆಯೂ ನೋಡಿರದ ಮನುಷ್ಯನನ್ನು ಹೇಸುವುದನ್ನು ಕಲಿಯುತ್ತಿದ್ದರು — ನನ್ನ ಎದುರಿಗೇ.

ಹೋದ ತಿಂಗಳು ಸಂತೋಷನನ್ನು ಹುಡುಕಿ ಫೋನ್ ಮಾಡಿದೆ. ಎಲ್ಲವನ್ನೂ ಹೇಳಿದೆ. ಮುಗಿದ ಮೇಲೆ ಕೇಳಿದ, "ಮೇಡಮ್‌ಗೆ ಹೇಳಿದ್ಯಾ?"

"ಇಲ್ಲ."

"ಹಾಗಾದ್ರೆ ನೀನಿನ್ನೂ ಏನೂ ಹೇಳಿಲ್ಲ." ಫೋನ್ ಇಟ್ಟ.

ಖಡಕಿಗೆ ಹೋದೆ. ಮೇಡಮ್ ಬಾಗಿಲು ತೆರೆದು, "ಬಾರೋ, ಬಿಸಲಾಗ ಬಂದಿ, ನೀರು ಕುಡಿ," ಅಂದರು. ನೀರು ಕುಡಿದರೆ ಹೇಳಲಾರೆ ಅನ್ನಿಸಿತು. ನಿಂತೇ ಹೇಳಿದೆ — ಬಸ್ಸು, ಹಸಿರು ಗುರುತು, ಆಫೀಸಿನ ಕುರ್ಚಿ, ಸುಳ್ಳು. ಕೊನೆಗೆ ನನ್ನ ಮಾರ್ಕ್ಸ್. ಅವರು ಬೈಯುತ್ತಾರೆಂದು ಕಾದೆ. ಬೈದಿದ್ದರೆ ಸುಲಭವಿತ್ತು.

ಮೇಜಿನ ಮೇಲಿದ್ದ ತಮ್ಮ ಫೋನ್ ಎತ್ತಿಕೊಂಡರು. ಆಮೇಲೆ, "ಸಂತೋಷನ ನಂಬರ್ ಹೇಳು," ಅಂದರು.

ಹೇಳಿದೆ. ಒಂದೊಂದೇ ಅಂಕಿ ಒತ್ತಿದರು. "ನೀ ಹೊರಗ ನಿಂದ್ರು," ಅಂದರು. ಮೆಟ್ಟಿಲ ಮೇಲೆ ನಿಂತೆ. ಬಾಗಿಲು ಪೂರ್ತಿ ಹಾಕಿರಲಿಲ್ಲ. ಅವರ ದನಿ ನಾನು ಹಿಂದೆಂದೂ ಕೇಳಿರದಷ್ಟು ಸಣ್ಣದಾಗಿತ್ತು.

"ಸಂತೋಷಾ... ನಾ ಸುಮತಿ ಮೇಡಮ್ ಮಾತಾಡೂದಪಾ. ತಪ್ಪಾತು ನನ್ನಿಂದ. ನಾ ನಿನ್ನ ಮಾತು ಕೇಳಬೇಕಿತ್ತು. ಕೇಳಲಿಲ್ಲ..."

ಕ್ಷಮೆ ಕೇಳುತ್ತಿದ್ದರು. ನಾನು ಮಾಡಿದ್ದಕ್ಕೆ ಆ ಹಿರಿಯ ಜೀವ, ತನ್ನ ವಿದ್ಯಾರ್ಥಿಯ ಮುಂದೆ ತಲೆ ತಗ್ಗಿಸಿ ಕೂತಿತ್ತು. ಅವರ ನೌಕರಿ ಕಳೆದೆ, ಅವನ ಓದು ಕಳೆದೆ ಎಂದಷ್ಟೇ ಅಂದುಕೊಂಡಿದ್ದೆ. ಅವರನ್ನೂ ತಪ್ಪಿತಸ್ಥೆಯನ್ನಾಗಿ ಮಾಡಿದ್ದೆ ಎಂಬುದು ಆ ಮೆಟ್ಟಿಲ ಮೇಲೆ ತಿಳಿಯಿತು.

ಒಳಗೆ ಹೋಗಲಿಲ್ಲ. ಹೋಗುವ ಹಕ್ಕು ಇರಲಿಲ್ಲ. ಅವರು ಕರೆಯಲೂ ಇಲ್ಲ.